ಹರ್ಪಿಸ್ ಅಂತ ರಿಪೋರ್ಟ್ ಬಂದಿದೆ, ಈಗೇನು ಮಾಡಲಿ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಒಬ್ಬರು ಹೆಸರು ಹೇಳದೆ ಬರೆದಿದ್ದರು, ಜನನಾಂಗದ ಹರ್ಪಿಸ್ ಅಂತ ಡಾಕ್ಟರ್ ಹೇಳಿದ್ದಾರೆ, ಯಾರ ಹತ್ತಿರ ಮಾತಾಡಲಿ ಅಂತ. ಅದನ್ನು ಹಾಕಿದ್ದೇ ತಡ, ನನ್ನ ಇನ್‌ಬಾಕ್ಸ್‌ಗೆ ಅಂಥವೇ ಸಾಲಾಗಿ ಬಂದವು. ನಮ್ಮ ಗುಂಪಿನಲ್ಲೇ ಇರುವ ಚರ್ಮ ಮತ್ತು ಗುಪ್ತರೋಗ ತಜ್ಞೆಯೊಬ್ಬರು ಇವತ್ತು ಸಂಜೆ 6ರಿಂದ 8ರವರೆಗೆ ಉತ್ತರ ಕೊಡುತ್ತಾರೆ. ಹೆಸರು ಬೇಡ ಅನ್ನುವವರು ನನಗೆ ಕಳಿಸಿ, ‘ಅನಾಮಿಕ’ ಅಂತ ಹಾಕುತ್ತೇನೆ. ಫೋಟೋ ಮಾತ್ರ ಬೇಡ. ಕೈ ಮುಗಿಯುತ್ತೇನೆ, ಬೇಡ.

ಡಾಕ್ಟರ್: ನಮಸ್ಕಾರ. ಶುರುವಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಈ ವೈರಸ್‌ನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದೆ, ಜ್ವರದ ಗುಳ್ಳೆ ಅಂತೀವಲ್ಲ, ಅದು. ಎರಡನೆಯದು ಕೆಳಗೆ. ಒಂದನೆಯದು ಬಾಯಿಂದ ಕೆಳಗೂ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಎರಡನೇ ಬಗೆ ಇತ್ತು. ಅವರಲ್ಲಿ ಬಹಳ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಬುಡಸಮೇತ ಕೀಳುವ ಔಷಧಿ ಇಲ್ಲ. ಹಿಡಿತದಲ್ಲಿಡುವ ಮಾತ್ರೆ ಇದೆ. ಈಗ ಕೇಳಿ.

ಅನಾಮಿಕ 1: ಮೇಡಂ, ನನಗೆ 29. ಎಂಟು ದಿನದ ಹಿಂದೆ ಜ್ವರ ಬಂತು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿತು, ಆಮೇಲೆ ನೀರುಗುಳ್ಳೆ. ಮೂತ್ರ ಮಾಡುವಾಗ ಬೆಂಕಿ ತಾಗಿದ ಹಾಗೆ. ಡಾಕ್ಟರ್ ನೋಡಿದ ತಕ್ಷಣ ಹರ್ಪಿಸ್ ಅಂದರು, ಅಸೈಕ್ಲೋವಿರ್ 400 ದಿನಕ್ಕೆ ಮೂರು ಬರೆದರು. ಗುಳ್ಳೆ ಒಣಗುತ್ತಿದೆ, ನಿದ್ದೆ ಇಲ್ಲ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ನನ್ನ ಜೀವನ ಮುಗಿಯಿತಾ?

ಡಾಕ್ಟರ್: ಇಲ್ಲ, ಮುಗಿದಿಲ್ಲ. ಮೊದಲ ಸಲ ಬರುವುದೇ ಎಲ್ಲಕ್ಕಿಂತ ಜೋರು. ಮಾತ್ರೆ 7ರಿಂದ 10 ದಿನ ಬಿಡದೆ ನುಂಗಿ. ಮೂತ್ರ ಮಾಡುವಾಗ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಸುರಿದುಕೊಳ್ಳಿ, ಉರಿ ಕಡಿಮೆಯಾಗುತ್ತದೆ. ಮನೆಯಲ್ಲಿ ಸಡಿಲ ಪಂಚೆ ಉಟ್ಟುಕೊಳ್ಳಿ, ಬಿಗಿ ಜೀನ್ಸ್ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೂತ್ರವೇ ಕಟ್ಟಿಕೊಂಡರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಗುಳ್ಳೆ ವಾಸಿಯಾದ ಮೇಲೂ ವೈರಸ್ ಬೆನ್ನುಮೂಳೆಯ ಕೆಳಗಿನ ನರದ ಗಂಟಿನಲ್ಲಿ ಸುಮ್ಮನೆ ಮಲಗಿರುತ್ತದೆ. ಆಗಾಗ ಎದ್ದು ಬರಬಹುದು. ಮೊದಲ ವರ್ಷ ಜಾಸ್ತಿ, ಬರಬರುತ್ತಾ ಕಡಿಮೆ, ನೋವೂ ಕಡಿಮೆ. ಪದೇ ಪದೇ ಬಂದರೆ ದಿನಾ ಮಾತ್ರೆ ತೆಗೆದುಕೊಳ್ಳುವ ದಾರಿಯಿದೆ. ಎರಡನೇ ಬಗೆ ಇರುವವರು ವ್ಯಾಲಸೈಕ್ಲೋವಿರ್ ದಿನಾ ತೆಗೆದುಕೊಂಡರೆ ಸಂಗಾತಿಗೆ ಅಂಟುವುದು ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಕಾಂಡೋಮ್ ಇನ್ನಷ್ಟು ಇಳಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಗುಳ್ಳೆ ಇಲ್ಲದ ದಿನವೂ ಅಂಟಬಹುದು, ಅದು ನೆನಪಿರಲಿ. ಎಚ್‌ಐವಿ ಮತ್ತು ವಿಡಿಆರ್‌ಎಲ್ (ಸಿಫಿಲಿಸ್ ಅನ್ನುವ ಗುಪ್ತರೋಗದ್ದು) ಪರೀಕ್ಷೆ ಮಾಡಿಸಿ. ಈ ಹುಣ್ಣಿರುವವರಿಗೆ ಎಚ್‌ಐವಿ ಅಂಟುವುದು ಸುಲಭ. ಮದುವೆ ಆಗಬಹುದು. ಹೇಳಿ ಆಗಬೇಕು.

ಅನಾಮಿಕ 1: ಹೇಗೆ ಹೇಳಲಿ ಮೇಡಂ? ಯಾವಾಗ?

ಮಲೆನಾಡ ಮಳೆ: ಇದು ಟಾಯ್ಲೆಟ್ ಸೀಟಿನಿಂದ ಬರುತ್ತಾ?

ಡಾಕ್ಟರ್: ಇಲ್ಲ. ಚರ್ಮಕ್ಕೆ ಚರ್ಮ ತಾಗಿದರೆ ಬರುತ್ತದೆ.

ಶುಭಮಸ್ತು: ಹರ್ಪಿಸ್ ಎಂದರೆ ನಮ್ಮ ಸರ್ಪಸುತ್ತು. ಇದಕ್ಕೆ ಇಂಗ್ಲಿಷ್ ಔಷಧಿಯೇ ಇಲ್ಲ. ಜಾಜು ಕಲಸಿ, ಗರಿಕೆ ರಸ ಬೆರೆಸಿ ಮೂರು ಹೊತ್ತು ಹಚ್ಚಿ. ತಲೆ ಬಾಲ ಕೂಡುವ ಮುಂಚೆ ಹಚ್ಚಬೇಕು. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಯಲಿ 🙏🙏

ಡಾಕ್ಟರ್: ಎರಡೂ ಒಂದೇ ಅಲ್ಲ. ಸರ್ಪಸುತ್ತು ಹರ್ಪಿಸ್ ಜೋಸ್ಟರ್. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಮತ್ತೆ ಏಳುವುದು. ಮೈಯ ಒಂದು ಮಗ್ಗುಲಿಗೆ ಪಟ್ಟಿ ಕಟ್ಟಿದ ಹಾಗೆ ಬರುತ್ತದೆ. ನಾವು ಇವತ್ತು ಮಾತಾಡುತ್ತಿರುವುದು ಹರ್ಪಿಸ್ ಸಿಂಪ್ಲೆಕ್ಸ್. ಹೆಸರು ಅಣ್ಣತಮ್ಮ, ರೋಗ ಬೇರೆ. ಎರಡಕ್ಕೂ ಔಷಧಿ ಇದೆ. ತಲೆ ಬಾಲ ಕೂಡಿ ಯಾರೂ ಸಾಯುವುದಿಲ್ಲ. ಮಣ್ಣು, ರಸ ಎರಡನ್ನೂ ತೆರೆದ ಹುಣ್ಣಿಗೆ ಹಚ್ಚಬೇಡಿ, ಕೀವಾಗುತ್ತದೆ.

ಶುಭಮಸ್ತು: ನಮ್ಮಜ್ಜಿ ನೂರಾರು ಜನಕ್ಕೆ ವಾಸಿ ಮಾಡಿದ್ದಾರೆ. ಅವರೇನು ಸುಳ್ಳಾ?

ಕಾಫಿಪುಡಿ: ಸುಳ್ಳಲ್ಲ ಸ್ವಾಮಿ. ಸರ್ಪಸುತ್ತು ತಾನಾಗೇ ಎರಡು ಮೂರು ವಾರಕ್ಕೆ ಒಣಗುತ್ತದೆ, ಹೆಸರು ಜಾಜಿಗೆ ಬರುತ್ತದೆ. ನಮ್ಮಪ್ಪನಿಗೆ ಹಣೆ ಮೇಲೆ ಎದ್ದಿತ್ತು. ಮನೆಯವರೆಲ್ಲ ಜಾಜು ಬಳಿದು ಬಳಿದು ಕೂತರು. ಕಣ್ಣಿಗೆ ಇಳಿದ ಮೇಲೆ ಆಸ್ಪತ್ರೆಗೆ ಓಡಿದ್ದು. ಈಗ ಎಡಗಣ್ಣು ಮಂಜು.

ಡಾಕ್ಟರ್: ಸರ್ಪಸುತ್ತಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಕಣ್ಣಿನ ಹತ್ತಿರವಾದರೆ ಅವತ್ತೇ ತೋರಿಸಬೇಕು. ಇಷ್ಟು ಸಾಕು, ವಿಷಯಕ್ಕೆ ಬನ್ನಿ.

ಅನಾಮಿಕ 2: ಅಕ್ಕಾ, ನಾನು 34 ವಾರದ ಗರ್ಭಿಣಿ. ಹೆರಿಗೆಗೆ ತವರಿಗೆ ಬಂದಿದ್ದೇನೆ. ಐದು ದಿನದಿಂದ ಕೆಳಗೆ ಗುಳ್ಳೆ. ಅಮ್ಮ ಉಷ್ಣ ಅಂದರು. ದಿನಾ ಎಳನೀರು ಕೊಡುತ್ತಾರೆ, ರಾತ್ರಿ ಬಟ್ಟಲಲ್ಲಿ ಹರಳೆಣ್ಣೆ ಇಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು, ಹಚ್ಚಿದ ಮೇಲೆ ಇನ್ನೂ ಹರಡಿತು. ನಿನ್ನೆ ಇಲ್ಲಿನ ಡಾಕ್ಟರ್ ಹರ್ಪಿಸ್ ಅಂದರು, ಮಾತ್ರೆ ಬರೆದರು. ಮಗುವಿಗೆ ಏನಾದರೂ ಆದರೆ ಅಂತ ನುಂಗಿಲ್ಲ. ಸೀಮಂತದ ಬಳೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಹೆರಿಗೆ ಡಾಕ್ಟರಿಗೆ ಹೇಳಿಲ್ಲ, ನಾಚಿಕೆ ಆಗುತ್ತದೆ.

ಡಾಕ್ಟರ್: ನಿಮ್ಮ ಪ್ರಶ್ನೆ ಮೊದಲು. ಉಳಿದವರು ಕಾಯಿರಿ. ಹಿಂದೆ ಯಾವತ್ತಾದರೂ ಹೀಗೆ ಆಗಿತ್ತಾ? ಜ್ವರ, ತಲೆನೋವು ಇದೆಯಾ? ನೀರು ಹೋಗಿದೆಯಾ? ಮೂತ್ರ ಸರಿಯಾಗಿ ಬರುತ್ತಿದೆಯಾ? ಮಗು ಆಡುತ್ತಿದೆಯಾ?

ಅನಾಮಿಕ 2: ಇದೇ ಮೊದಲು. ಎರಡು ದಿನ ಜ್ವರ ಇತ್ತು, ಈಗಿಲ್ಲ. ತಲೆನೋವು ಇಲ್ಲ. ನೀರು ಹೋಗಿಲ್ಲ. ಮೂತ್ರ ಬರುತ್ತದೆ, ಉರಿ. ಮಗು ಚೆನ್ನಾಗಿ ಒದೆಯುತ್ತಿದೆ.

ಡಾಕ್ಟರ್: ಸರಿ. ನಿಧಾನವಾಗಿ ಓದಿ, ಯಜಮಾನರಿಗೂ ಓದಿಸಿ.

ಬಳೆ ಡಬ್ಬಿಯಿಂದ ಮಾತ್ರೆ ಈಚೆ ತೆಗೆಯಿರಿ. ಅದು ಅಸೈಕ್ಲೋವಿರ್ ಆಗಿದ್ದರೆ ಇವತ್ತೇ ಶುರು ಮಾಡಿ, ಬರೆದುಕೊಟ್ಟ ಹಾಗೆಯೇ. ಗರ್ಭಿಣಿಯರಿಗೆ ದಶಕಗಳಿಂದ ಕೊಡುತ್ತಾ ಬಂದಿರುವ ಮಾತ್ರೆ. ಅದರಿಂದ ಮಕ್ಕಳಲ್ಲಿ ಊನ ಜಾಸ್ತಿಯಾಗಿದ್ದು ಕಂಡಿಲ್ಲ. ಟ್ಯೂಬ್ ಎಸೆಯಿರಿ. ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುವ ಇಂಥ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುವುದೇ ಹೆಚ್ಚು. ಸ್ಟೀರಾಯ್ಡ್ ಹಚ್ಚಿದರೆ ವೈರಸ್‌ಗೆ ಹಬ್ಬ. ಎಳನೀರು ಬೇಕಾದರೆ ಕುಡಿಯಿರಿ. ಹರಳೆಣ್ಣೆ ಹೊಟ್ಟೆಗೂ ಬೇಡ, ಹುಣ್ಣಿಗೂ ಬೇಡ.

ಈಗ ನನಗೆ ಚಿಂತೆಯಾಗಿರುವ ವಿಷಯ. ತಾಯಿಯ ಮೈಯಲ್ಲಿ ವೈರಸ್ ಹಳೆಯದಾಗಿದ್ದರೆ ಅವಳ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ತಯಾರಾಗಿರುತ್ತದೆ, ಮಗುವಿಗೂ ಹೋಗಿರುತ್ತದೆ. ಆಗ ಮಗುವಿಗೆ ಅಂಟುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಹೆರಿಗೆ ಹತ್ತಿರವಿರುವಾಗ ಹೊಸದಾಗಿ ಅಂಟಿದ್ದರೆ ಪ್ರತಿಕಾಯ ತಯಾರಾಗಲು ಸಮಯವೇ ಸಿಕ್ಕಿರುವುದಿಲ್ಲ. ಆಗ ಸಹಜ ಹೆರಿಗೆಯಲ್ಲಿ ಮಗುವಿಗೆ ಅಂಟುವ ಸಾಧ್ಯತೆ ನೂರಕ್ಕೆ 30ರಿಂದ 50. ಎಳೆ ಮಗುವಿಗೆ ಇದು ಮಿದುಳಿಗೇ ಹೋಗಬಹುದು. ಹೆದರಿಸಲು ಹೇಳುತ್ತಿಲ್ಲ. ಈಗ ಗೊತ್ತಾದರೆ ತಪ್ಪಿಸಬಹುದು, ಅದಕ್ಕೆ ಹೇಳುತ್ತಿದ್ದೇನೆ.

ಮೊದಲ ಸಲ ಗುಳ್ಳೆ ಕಂಡಿತು ಅಂದ ಮಾತ್ರಕ್ಕೆ ಹೊಸದಾಗಿ ಅಂಟಿದೆ ಅಂತಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಬಸಿರಿನಲ್ಲಿ ಮೊದಲ ಸಲ ಕಾಣಿಸಿದ್ದನ್ನು ನಾನೇ ನೋಡಿದ್ದೇನೆ. ಯಾವುದು ಅಂತ ತಿಳಿಯಲು ಎರಡು ಪರೀಕ್ಷೆ ಬೇಕು. ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದು ವೈರಸ್ ಹುಡುಕುವ ಪಿಸಿಆರ್, ಯಾವ ಬಗೆ ಅಂತ. ಜೊತೆಗೆ ರಕ್ತದಲ್ಲಿ ಆ ಬಗೆಯ ಐಜಿಜಿ, ಅಂದರೆ ಆಗಲೇ ಹೇಳಿದ ಪ್ರತಿಕಾಯ. ಸ್ವಾಬ್‌ನಲ್ಲಿ ವೈರಸ್ ಇದ್ದು ರಕ್ತದಲ್ಲಿ ಅದರ ಐಜಿಜಿ ಇಲ್ಲದಿದ್ದರೆ ಹೊಸದು. ಆಗ ಸಾಮಾನ್ಯವಾಗಿ ಸಿಸೇರಿಯನ್ ಹೇಳುತ್ತಾರೆ. ಹಳೆಯದಾದರೆ 36ನೇ ವಾರದಿಂದ ಹೆರಿಗೆವರೆಗೂ ದಿನಾ ಮಾತ್ರೆ. ನೋವು ಶುರುವಾದಾಗ ಹುಣ್ಣು, ಜುಮುಜುಮು ಏನೂ ಇಲ್ಲದಿದ್ದರೆ ಸಹಜ ಹೆರಿಗೆಯೇ ಆಗಬಹುದು. ಹುಣ್ಣು ಒಣಗಿದರೆ ಸ್ವಾಬ್ ಸಿಗುವುದಿಲ್ಲ. ಹಾಗಾಗಿ ನಾಳೆಗೇ ಹೋಗಬೇಕು, ಮುಂದಿನ ಚೆಕಪ್‌ಗಲ್ಲ. ಹೆರಿಗೆ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ನೀರು ಹೋದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಯ ಬಾಗಿಲಲ್ಲೇ ಹರ್ಪಿಸ್ ಇದೆ ಅಂತ ಹೇಳಿ.

ಮಗು ಹುಟ್ಟಿದ ಮೇಲೆ ಮೊದಲ ಆರು ವಾರದಲ್ಲಿ ಜ್ವರ ಬಂದರೆ, ಹಾಲು ಬಿಟ್ಟರೆ, ಮಂಕಾದರೆ, ಗುಳ್ಳೆ ಎದ್ದರೆ, ಫಿಟ್ಸ್ ಬಂದರೆ ಆ ಕ್ಷಣವೇ ಆಸ್ಪತ್ರೆಗೆ. ತುಟಿಯಲ್ಲಿ ಗುಳ್ಳೆ ಇರುವ ಯಾರೂ ಮಗುವಿಗೆ ಮುತ್ತು ಕೊಡಬಾರದು, ಅದು ಸ್ವಂತ ಅತ್ತೆಯಾದರೂ ಸರಿ. ಎದೆಹಾಲು ಕೊಡಿ. ಎದೆಯ ಮೇಲೆ ಹುಣ್ಣಿದ್ದರೆ ಮಾತ್ರ ಆ ಕಡೆ ಬೇಡ.

ನಾಚಿಕೆ ಬೇಡಮ್ಮ. ನಿಮ್ಮ ಡಾಕ್ಟರ್ ಇದನ್ನು ಮೊದಲ ಸಲ ನೋಡುತ್ತಿರುವುದಲ್ಲ.

ಅನಾಮಿಕ 3: ಮದುವೆಯಾಗಿ 11 ವರ್ಷ. ಹೆಂಡತಿಗೆ ಹೋದ ತಿಂಗಳು ಹರ್ಪಿಸ್ ಬಂದಿದೆ. ನನಗೆ ಏನೂ ಇಲ್ಲ. ಅಂದರೆ ಅವಳು ಬೇರೆ ಕಡೆ ಹೋಗಿದ್ದಾಳೆ ಅಂತ ತಾನೇ?

ಡಾಕ್ಟರ್: ಹಾಗೆ ಹೇಳಲು ಬರುವುದಿಲ್ಲ. ನಿಮ್ಮಿಂದಲೇ ಬಂದಿರಬಹುದು. ಗುಳ್ಳೆ ಕಾಣಿಸದೆಯೂ ವೈರಸ್ ಇರುತ್ತದೆ. ಅವರಿಗೆ ಮದುವೆಗೆ ಮುಂಚೆಯೇ ಇದ್ದಿರಬಹುದು. ಯಾವಾಗ, ಯಾರಿಂದ ಅಂತ ಹೇಳುವ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ನೇರಮಾತು: ಮೇಡಂ ಸುಮ್ನೆ ಸಮಾಧಾನ ಹೇಳುತ್ತಿದ್ದಾರೆ. ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ಕಾಫಿಪುಡಿ: ಬೆಂಕಿ ನಿಮ್ಮನೆಯಲ್ಲೇ ಇರಬಹುದು ಅಂತ ಡಾಕ್ಟರ್ ಹೇಳಿದ್ದು. ಓದಲು ಬರುತ್ತದೆ ತಾನೇ?

ನೇರಮಾತು: ಮರ್ಯಾದೆ ಕೊಟ್ಟು ಮಾತಾಡಿ. ಇಲ್ಲಿ ಸಂಸ್ಕೃತಿ ಇಲ್ಲದವರೇ ತುಂಬಿದ್ದಾರೆ.

ಶುಭಮಸ್ತು: ಸರಿಯಾಗಿ ಹೇಳಿದಿರಿ. ಇದು ನಾಗದೋಷ. ಪೂಜೆ ಮಾಡಿಸಿದರೆ ಮಾತ್ರ...

ಕಾಫಿಪುಡಿ: ಅಡ್ಮಿನ್, ಇವರನ್ನು ತೆಗೆಯಿರಿ, ಇಲ್ಲಾ ನನ್ನನ್ನು ತೆಗೆಯಿರಿ.

ಅಡ್ಮಿನ್: ಇಬ್ಬರೂ ಹತ್ತು ನಿಮಿಷ ಸುಮ್ಮನಿರಿ.

ದುಬೈ ಕನ್ನಡಿಗ: ವೀಸಾ ಮೆಡಿಕಲ್‌ನಲ್ಲಿ ಇದನ್ನು ನೋಡುತ್ತಾರಾ ಮೇಡಂ?

ಅನಾಮಿಕ 4: ಆಫೀಸಿನ ಹೆಲ್ತ್ ಪ್ಯಾಕೇಜಿನಲ್ಲಿ ಹರ್ಪಿಸ್ ಐಜಿಎಂ ಪಾಸಿಟಿವ್ ಬಂದಿದೆ. ಯಾವತ್ತೂ ಗುಳ್ಳೆ ಬಂದಿಲ್ಲ. ಮೂರು ದಿನದಿಂದ ಊಟ ಸೇರುತ್ತಿಲ್ಲ.

ಡಾಕ್ಟರ್: ಊಟ ಮಾಡಿ. ಐಜಿಎಂ ಇನ್ನೊಂದು ಥರದ ಪ್ರತಿಕಾಯ. ಅದರ ಪರೀಕ್ಷೆ ವೈರಸ್ ಯಾವ ಬಗೆ ಅಂತಲೂ ಹೇಳುವುದಿಲ್ಲ, ಹೊಸದು ಅಂತಲೂ ಹೇಳುವುದಿಲ್ಲ, ಸುಮ್ಮಸುಮ್ಮನೆ ಪಾಸಿಟಿವ್ ಬರುತ್ತದೆ. ಗುಳ್ಳೆ ಇಲ್ಲದವರು ಈ ಪರೀಕ್ಷೆ ಮಾಡಿಸುವುದೇ ಬೇಡ.

ಅನಾಮಿಕ 5: ನನಗೂ ಐಜಿಎಂ 1.3 ಪಾಸಿಟಿವ್...

ಡಾಕ್ಟರ್: ಮೇಲೆ ಓದಿ.

ಬಯಲುಸೀಮೆ: ನಂಜಿನ ಪದಾರ್ಥ ಬಿಡಬೇಕಾ? ಬದನೆಕಾಯಿ, ಮೀನು?

ಡಾಕ್ಟರ್: ತಿನ್ನಿ.

ಬಯಲುಸೀಮೆ: ನಮ್ಮ ತಾಲ್ಲೂಕಿನಲ್ಲಿ ಚರ್ಮದ ಡಾಕ್ಟರೇ ಇಲ್ಲ. ಇರುವ ಒಬ್ಬ ಸಾಮಾನ್ಯ ಡಾಕ್ಟರ್ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ.

ಡಾಕ್ಟರ್: ಜಿಲ್ಲಾ ಆಸ್ಪತ್ರೆಯಲ್ಲಿ ‘ಸುರಕ್ಷಾ ಕ್ಲಿನಿಕ್’ ಅಂತ ಇರುತ್ತದೆ. ಪರೀಕ್ಷೆ, ಮಾತ್ರೆ ಉಚಿತ. ಬಣ್ಣಬಣ್ಣದ ಕಿಟ್‌ಗಳಲ್ಲಿ ಔಷಧಿ ಇಟ್ಟಿರುತ್ತಾರೆ, ಹರ್ಪಿಸ್‌ಗೆ ಕೆಂಪು. ಮೊದಲು ವಿಚಾರಿಸಬೇಕಾದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಹಸಿರು ಬಳ್ಳಿ: ಬೆಳ್ಳುಳ್ಳಿ ಜಜ್ಜಿ, ಆಪಲ್ ಸೈಡರ್ ವಿನೆಗರ್‌ನಲ್ಲಿ ನೆನೆಸಿ ರಾತ್ರಿ ಕಟ್ಟಿಕೊಂಡರೆ ವೈರಸ್ ಸಾಯುತ್ತದೆ ಅಂತ ಬಂದಿದೆ, ನಿಜಾನಾ? Forwarded many times

ಡಾಕ್ಟರ್: ವೈರಸ್ ಸಾಯುವುದಿಲ್ಲ, ಚರ್ಮ ಸುಡುತ್ತದೆ. ಬೆಳ್ಳುಳ್ಳಿ ಕಟ್ಟಿಕೊಂಡು ಬೊಬ್ಬೆ ಎದ್ದವರಿಗೆ ಡ್ರೆಸಿಂಗ್ ಮಾಡುವವಳು ನಾನು. ನಿಮಗೆ ಕಳಿಸಿದವರು ಕಟ್ಟಿಕೊಂಡು ನೋಡಿದ್ದಾರಾ, ಕೇಳಿ. ಬೇವು, ಸುಣ್ಣ, ಡೆಟಾಲ್, ಅರಿಶಿನ, ಟೂತ್‌ಪೇಸ್ಟ್, ಎಲ್ಲದಕ್ಕೂ ಉತ್ತರ ಒಂದೇ. ಇನ್ನು ಕೇಳಬೇಡಿ.

ಮೈಸೂರು ಮಲ್ಲಿಗೆ 88: ಟಾಯ್ಲೆಟ್ ಸೀಟಿನಿಂದ...

ಡಾಕ್ಟರ್: ಇಲ್ಲ!

ಅನಾಮಿಕ 1: ನನ್ನ ಎರಡನೇ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹೇಗೆ ಹೇಳಬೇಕು ಅಂತ.

ಹೊಂಗೆ ನೆರಳು: ನಾನು ಹೇಳಲಾ? ನನಗೆ ಇದು ಬಂದು ಆರು ವರ್ಷ. ಮೊದಲ ವರ್ಷ ಐದು ಸಲ ಬಂತು. ಈಗ ವರ್ಷಕ್ಕೊಂದು. ಬರುವ ಮುಂಚಿನ ದಿನ ತೊಡೆಯಲ್ಲಿ ಜುಮುಜುಮು ಅನ್ನುತ್ತದೆ, ಮಾತ್ರೆ ಪರ್ಸಿನಲ್ಲೇ ಇರುತ್ತದೆ. ಮದುವೆಗೆ ನೋಡಿದ ಮೊದಲನೆಯವರಿಗೆ ಹೋಟೆಲಿನಲ್ಲಿ ಹೇಳಿದೆ. ಅಳುತ್ತಾ, ಕ್ಷಮೆ ಕೇಳುತ್ತಾ, ಏನೋ ಕೊಲೆ ಮಾಡಿದ ಹಾಗೆ. ಅವರು ಎದ್ದು ಹೋದರು, ಬಿಲ್ ನಾನೇ ಕೊಟ್ಟೆ. ಎರಡನೆಯವರಿಗೆ ಮೂರನೇ ಭೇಟಿಯಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಇಬ್ಬರಿಗೂ ಒಪ್ಪಿಗೆ ಇದೆ ಅಂತ ಗೊತ್ತಿತ್ತು, ಮನೆಯವರು ದಿನ ನೋಡಿರಲಿಲ್ಲ. ಬರೀ ಮೂರು ವಾಕ್ಯ. ಇದು ಇದೆ, ಹೀಗೆ ಅಂಟುತ್ತದೆ, ಹೀಗೆ ತಡೆಯುತ್ತೇನೆ. ಡಾಕ್ಟರ್ ಹತ್ತಿರ ಬೇಕಾದರೆ ಇಬ್ಬರೂ ಹೋಗೋಣ ಅಂದೆ. ಅವರು ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸುತ್ತಾ ಕೂತರು. ಆಮೇಲೆ, ‘ಜ್ವರ ಬಂದಾಗ ನನ್ನ ತುಟಿ ಮೇಲೆ ಏಳುತ್ತದಲ್ಲ, ಅದೂ ಇದೇನಾ?’ ಅಂತ ಕೇಳಿದರು. ನಮಗೀಗ ನಾಲ್ಕು ವರ್ಷದ ಮಗಳಿದ್ದಾಳೆ.

ಅನಾಮಿಕ 1: ಥ್ಯಾಂಕ್ಸ್ ಅಕ್ಕಾ.

ನೇರಮಾತು: ಇಂಥದ್ದನ್ನೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ಬಂತು.

ಡಾಕ್ಟರ್: ಇವತ್ತು ಇಲ್ಲಿ ಕೆಲಸಕ್ಕೆ ಬಂದ ಉತ್ತರಗಳಲ್ಲಿ ಅವರದೊಂದು. ನಿಮ್ಮದು ಒಂದೂ ಇಲ್ಲ.

ಅಡ್ಮಿನ್: 8.20 ಆಯಿತು. ಮುಗಿಸುತ್ತಿದ್ದೇನೆ. ‘ನೇರಮಾತು’ ಅವರನ್ನು ತೆಗೆದಿದ್ದೇನೆ.

ಡಾಕ್ಟರ್: ಸ್ವಲ್ಪ ತಾಳಿ. ಅನಾಮಿಕ 2, ಫೋನ್ ಮಾಡಿದಿರಾ?

ಹಸಿರು ಬಳ್ಳಿ: ಹಾಗಾದರೆ ಬೆಳ್ಳುಳ್ಳಿ ಹೊಟ್ಟೆಗೆ ತಗೊಂಡರೆ?

ಡಾಕ್ಟರ್: ಅನಾಮಿಕ 2?

ಅನಾಮಿಕ 2: ಮಾಡಿದೆ ಅಕ್ಕಾ. ಬೈಯಲಿಲ್ಲ. ಬೆಳಿಗ್ಗೆ 9ಕ್ಕೆ ಬರಲು ಹೇಳಿದರು. ಒಂದು ಮಾತ್ರೆ ನುಂಗಿದೆ. ಅಮ್ಮನಿಗೂ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಹರಳೆಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಡಾಕ್ಟರ್: ಒಳ್ಳೆಯದು. ಸ್ವಾಬ್ ತೆಗೆಯಿರಿ ಅಂತ ನೀವೇ ಕೇಳಿ. ಮರೆಯಬೇಡಿ.

ದುಬೈ ಕನ್ನಡಿಗ: ಮೇಡಂ, ನನ್ನ ವೀಸಾ ಪ್ರಶ್ನೆ?