ಅತ್ತೆ, ಮಾವಂಗೆ ಕಷಾಯ ಈಗ್ಲೇ ಬೇಡ

ಅತ್ತೆ, ಮಾವನ ರಿಪೋರ್ಟ್ ಫೋಟೋ ಈಗ ನೋಡ್ದೆ, ಸಿಲ್ಕ್ ಬೋರ್ಡ್ ಹತ್ರ ಬಸ್ಸಲ್ಲಿ ಸಿಕ್ಕಾಕೊಂಡಿದೀನಿ, ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ಪಿ-ಆಂಕಾ (ರಕ್ತದಲ್ಲಿ ಒಂದು ಥರ ಆಂಟಿಬಾಡಿ ಹುಡುಕೋ ಟೆಸ್ಟು) ಪಾಸಿಟಿವ್ ಅಂತಿದ್ದಿದ್ದಕ್ಕೆ ಚಿಕ್ಕಪ್ಪ "ಇಮ್ಯುನಿಟಿ ಕಮ್ಮಿ ಆಗಿದೆ, ದಿನಾ ಅಮೃತಬಳ್ಳಿ ಕಷಾಯ ಕೊಡಿ" ಅಂತ ಹಾಕಿದಾರಲ್ಲ, ಚಿಕ್ಕಪ್ಪ, ತಪ್ಪು ತಿಳ್ಕೋಬೇಡಿ, ಇದು ಉಲ್ಟಾ ಕೇಸು. ಇಮ್ಯುನಿಟಿಗೆ ಶಕ್ತಿ ಇದೆ, ನಮ್ಮೋರು ಯಾರು ಹೊರಗಿನೋರು ಯಾರು ಅನ್ನೋದೇ ಗೊತ್ತಾಗ್ತಿಲ್ಲ.

ಬಿಳಿ ರಕ್ತಕಣದಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಜಾತಿ, ಕೀಟಾಣು ಕೊಲ್ಲೋಕೆ ಅದರ ಹೊಟ್ಟೇಲಿ ಖಾರದಪುಡಿ ಪೊಟ್ಟಣ ಥರ ಎನ್ಜೈಮ್ ಇರುತ್ತೆ, ಎಂಪಿಓ, ಪಿಆರ್3 ಅಂತ. ಆಂಕಾ ಅಂದ್ರೆ ಇವುಗಳ ಮೇಲೇ ನಮ್ಮ ಮೈ ಮಾಡ್ಕೊಂಡಿರೋ ಆಂಟಿಬಾಡಿ. ಯಾವ್ದೋ ಇನ್ಫೆಕ್ಷನ್ ಬಂದು ಕಣ ಕೆರಳಿದಾಗ ಆ ಎನ್ಜೈಮ್ ಕಣದ ಮೇಲ್ಗಡೆ ಬರುತ್ತೆ, ಆಂಟಿಬಾಡಿ ಹೋಗಿ ಅಂಟ್ಕೊಳ್ಳುತ್ತೆ, ಆಗ ಕಣ ಸಣ್ಣ ರಕ್ತನಾಳದ ಗೋಡೆ ಮೇಲೇ ಪೊಟ್ಟಣ ಒಡ್ದುಬಿಡುತ್ತೆ. ಕಿಡ್ನಿ, ಶ್ವಾಸಕೋಶ, ಮೂಗು, ಜಾಸ್ತಿ ಪೆಟ್ಟು ಇಲ್ಲೇ.

ನಾನು ಲ್ಯಾಬಲ್ಲಿ ಈ ಸ್ಲೈಡ್ ನೋಡ್ತಾನೇ ಇರ್ತೀನಿ. ಕತ್ತಲೆ ರೂಮು, ಪಾಸಿಟಿವ್ ಇದ್ರೆ ಕಣ ಹಸಿರಾಗಿ ಹೊಳೆಯುತ್ತೆ, ಸಿ-ಆಂಕಾ ಆದ್ರೆ ಒಳಗೆಲ್ಲಾ ರವೆ ಚೆಲ್ಲಿದ ಹಾಗೆ, ಪಿ ಆದ್ರೆ ನ್ಯೂಕ್ಲಿಯಸ್ ಸುತ್ತ ಮಾತ್ರ. ತಮಾಷೆ ಏನಂದ್ರೆ ಈ ಪಿ ಪ್ಯಾಟರ್ನ್ ನಾವೇ ಮಾಡಿದ್ದು, ಸ್ಲೈಡ್‌ಗೆ ಎಥನಾಲ್ ಹಾಕಿದಾಗ ಎಂಪಿಓ ಸರಿದು ಅಲ್ಲಿಗೆ ಅಂಟ್ಕೊಳ್ಳುತ್ತೆ, ಬದುಕಿರೋ ಕಣದಲ್ಲಿ ಹಾಗಿರಲ್ಲ. ಬೇರೆ ಆಂಟಿಬಾಡಿನೂ ಹಾಗೇ ಕಾಣ್ಸಬಹುದು. ಅದಕ್ಕೇ ಎಲೈಸಾ ಅನ್ನೋ ಇನ್ನೊಂದು ಟೆಸ್ಟಲ್ಲಿ ಆಂಟಿಬಾಡಿ ಎಂಪಿಓ ಮೇಲೇನೇ ಇದೆಯಾ ಅಂತ ನೋಡ್ಬೇಕು, ಮಾವನ ರಿಪೋರ್ಟಲ್ಲಿ ಆ ಲೈನೇ ಇಲ್ಲ!

ಟಿಬಿ ಇದ್ರೂ, ಹಾರ್ಟ್ ವಾಲ್ವ್ ಇನ್ಫೆಕ್ಷನ್ ಇದ್ರೂ, ಥೈರಾಯ್ಡ್ ಜಾಸ್ತಿ ಇರೋರ ಕೆಲವು ಮಾತ್ರೆಯಿಂದಾನೂ ಪಾಸಿಟಿವ್ ಬರಬಹುದು. ಟಿಬಿ ಒಳಗಿಟ್ಕೊಂಡು ಇಮ್ಯುನಿಟಿ ತಗ್ಗಿಸೋ ಸ್ಟೀರಾಯ್ಡ್ ಶುರು ಮಾಡಿದ್ರೆ ಅನಾಹುತ. ನಿಜವಾಗ್ಲೂ ವಾಸ್ಕುಲೈಟಿಸ್, ಅಂದ್ರೆ ರಕ್ತನಾಳದ ಉರಿಯೂತ, ಆಗಿದ್ರೂ ಈಗ ರಿಟಕ್ಸಿಮ್ಯಾಬ್ ಅನ್ನೋ ಔಷಧಿ ಇದೆ, ಆಂಟಿಬಾಡಿ ಮಾಡೋ ಬಿ ಕಣಗಳ ಬೇರಿಗೇ ಕೈ ಹಾಕುತ್ತೆ. ಕಷಾಯದ ವಿಷಯ, ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಕೇಸುಗಳು ಮುಂಬೈಯಿಂದ ವರದಿಯಾಗಿವೆ ಚಿಕ್ಕಪ್ಪ, ನನ್ನ ಜಗಳ ಇಷ್ಟೇ.

ಯುಗಾದಿಗೆ ಬಂದಾಗ ಮಾವ "ಮೂತ್ರ ನೊರೆ ನೊರೆ ಬರ್ತಿದೆ" ಅಂದಿದ್ರು, ನಾವೆಲ್ಲ ನಕ್ಕಿದ್ವಿ, ನಂಗೀಗ ಅದೇ ತಲೇಲಿ ಕೊರೀತಿದೆ. ನೊರೆ ಕಿಡ್ನಿಗೆ ಪೆಟ್ಟು ಬಿದ್ದಿರೋ ಸುಳಿವೂ ಇರಬಹುದು, ಕಿಡ್ನಿ ಕೆಡ್ತಾ ಇದ್ರೂ ನೋವೇ ಇರಲ್ಲ. ನಾಳೆ ಬೆಳಿಗ್ಗೇನೇ ಯೂರಿನ್ ರೂಟೀನು, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರ್ಸೋ ರಕ್ತದ ಟೆಸ್ಟು) ಮಾಡ್ಸಿ, ರಿಪೋರ್ಟ್ ತಗೊಂಡು ಕಿಡ್ನಿ ಡಾಕ್ಟ್ರ ಹತ್ರ ಹೋಗೋಣ, ನಾನು ರಜಾ ಹಾಕ್ತೀನಿ. ಕೆಮ್ಮಲ್ಲಿ ರಕ್ತ ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎಷ್ಟೊತ್ತಾದ್ರೂ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ದಾರೀಲಿ ನಂಗೆ ಫೋನ್ ಮಾಡಿ.