ಮಾಂಟೆಸ್ಸರಿಲಿ ಕಲಿತ ಸ್ವಾವಲಂಬನೆ ಹದಿನಾರನೇ ವಯಸ್ಸಲ್ಲೂ ಉಳಿಯತ್ತಾ? ಅನುಭವ ಇರೋರು ಹೇಳಿ

ತುಮಕೂರಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈ ಜೂನ್‌ಗೆ ಎರಡೂವರೆ ತುಂಬತ್ತೆ, ಸ್ಕೂಲ್ ಹುಡುಕ್ತಾ ಇದೀವಿ. ಮನೆ ಹತ್ರ ಎರಡಿದೆ, ಒಂದು ಮಾಮೂಲಿ ನರ್ಸರಿ ಎಲ್‌ಕೆಜಿ ಯುಕೆಜಿ ಇರೋದು, ಇನ್ನೊಂದು ಮಾಂಟೆಸ್ಸರಿ. ಎರಡನೇದಕ್ಕೆ ಹೋಗಿ ನೋಡ್ಕೊಂಡು ಬಂದ್ವಿ. ಎರಡೂವರೆಯಿಂದ ಆರು ವರ್ಷದ ತನಕ ಎಲ್ಲ ಮಕ್ಕಳೂ ಒಂದೇ ರೂಮಲ್ಲಿ, ಬೆಂಚಿಲ್ಲ, ಬೋರ್ಡ್ ಮುಂದೆ ನಿಂತು ಪಾಠ ಮಾಡೋರಿಲ್ಲ, ಒಂದು ಮಗು ಚಿಕ್ಕ ಜಗ್ಗಿಂದ ಲೋಟಕ್ಕೆ ನೀರು ಹಾಕೋದು, ಮತ್ತೆ ಅದನ್ನ ಜಗ್ಗಿಗೆ ವಾಪಸ್ ಹಾಕೋದು ಮಾಡ್ತಾನೇ ಇತ್ತು, ಇನ್ನೊಂದು ತನ್ನ ಚಾಪೆ ಸುತ್ತಿ ತಗೊಂಡ್ಹೋಗಿ ಮೂಲೇಲಿ ನಿಲ್ಲಿಸ್ತು. ಅಷ್ಟು ಮಕ್ಕಳಿದ್ರೂ ಗಲಾಟೆ ಇರ್ಲಿಲ್ಲ, ಅದು ನನಗೆ ತುಂಬಾ ಹಿಡಿಸ್ತು.

ಆದ್ರೆ ನಮ್ಮತ್ತೆಗೆ ಸಮಾಧಾನ ಇಲ್ಲ. ನೀರು ಹಾಕೋದು ಚಾಪೆ ಸುತ್ತೋದು ಮನೇಲೇ ಕಲಿಸ್ಬೋದಲ್ಲಮ್ಮ, ಅದಕ್ಕೆ ಅಷ್ಟು ಫೀಸ್ ಕಟ್ಬೇಕಾ ಅಂತಾರೆ, ಅವರು ಹೇಳೋದ್ರಲ್ಲೂ ಅರ್ಥ ಇದೆ. ನಮ್ಮನೆಯವರಿಗೆ ಬೇರೆ ಯೋಚನೆ, ಒಂದನೇ ಕ್ಲಾಸಿಗೆ ಮಾಮೂಲಿ ಸ್ಕೂಲಿಗೆ ಹಾಕಿದಾಗ ಬರೆಯೋದ್ರಲ್ಲಿ ಹಿಂದೆ ಬೀಳ್ತಾಳೇನೋ ಅಂತ.

ಸ್ಕೂಲಿನೋರು ಮಕ್ಕಳು ಸ್ವಾವಲಂಬಿಗಳಾಗ್ತಾರೆ, ಜವಾಬ್ದಾರಿ ಬರತ್ತೆ ಅಂದ್ರು. ಮೂರು ವರ್ಷದ ಮಗು ತನ್ನ ಶೂ ತಾನೇ ಹಾಕ್ಕೊಳ್ಳತ್ತೆ ಸರಿ, ಅದನ್ನ ನೋಡಿದೀನಿ. ನನಗೆ ಗೊತ್ತಾಗ್ಬೇಕಿರೋದು ಅದು ಹದಿನೈದು ಹದಿನಾರರಲ್ಲಿ ಉಳಿದಿರತ್ತಾ ಅಂತ. ದೊಡ್ಡ ಮಕ್ಕಳಿರೋರು, ಟೀಚರ್‌ಗಳು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಇಪಿಎಲ್_ಆಂಟಿ:

ಬೆಂಗಳೂರಲ್ಲಿ ಒಂದು ಮಾಂಟೆಸ್ಸರಿ ಹೌಸಲ್ಲಿ ಕೆಲಸ ಮಾಡ್ತೀನಿ, ಮಕ್ಕಳು ನಮ್ಮನ್ನ ಮಿಸ್ ಅನ್ನಲ್ಲ, ಆಂಟಿ ಅಂತಾರೆ.

ಮೊದಲು ನಿಮ್ಮತ್ತೆಯವರ ಪ್ರಶ್ನೆ, ಯಾಕಂದ್ರೆ ಅದೇ ಸರಿಯಾದ ಪ್ರಶ್ನೆ. ಹೌದು, ಮನೇಲೇ ಕಲಿಸ್ಬೋದು, ಕಲಿಸ್ಲೇಬೇಕು. ಆದ್ರೆ ಮನೇಲಿ ಸಿಂಕು ಎತ್ತರ, ಬಿಂದಿಗೆ ಭಾರ, ಬೆಳಗ್ಗೆ ಎಂಟೂವರೆಗೆ ಎಲ್ಲರಿಗೂ ಅವಸರ, ಮಗು ಗುಂಡಿ ಹಾಕ್ಕೊಳ್ಳೋಕೆ ಐದು ನಿಮಿಷ ತಗೊಂಡ್ರೆ ಕೊಡಿಲ್ಲಿ ಅಂತ ನಾವೇ ಹಾಕಿಬಿಡ್ತೀವಿ. ನಮ್ಮ ಹೌಸಲ್ಲಿ ಆ ಐದು ನಿಮಿಷಾನೇ ಪಾಠ. ಅದನ್ನ ಇಪಿಎಲ್ ಅಂತೀವಿ, ದಿನನಿತ್ಯದ ಕೆಲಸಗಳು. ಜಗ್ಗು ಮಗುವಿನ ಕೈ ಅಳತೆದು, ಆದ್ರೆ ನಿಜವಾದ ಗಾಜು ಅಥವಾ ಪಿಂಗಾಣಿ, ಬಿದ್ರೆ ಒಡೆಯತ್ತೆ. ಹಂಗಾಗಿ ಎರಡು ಕೈಯಲ್ಲಿ ಹಿಡಿಯತ್ತೆ. ಚೆಲ್ಲಿದ್ರೆ ಯಾರೂ ಬೈಯಲ್ಲ, ಒರೆಸೋ ಬಟ್ಟೆ ಎಲ್ಲಿದೆ ಅಂತ ಮಗುಗೆ ಗೊತ್ತು, ತಾನೇ ತಂದು ಒರೆಸತ್ತೆ. ಜವಾಬ್ದಾರಿ ಅನ್ನೋದು ಮೊದಲು ಬರೋದು ಅಲ್ಲಿ, ನನ್ನಿಂದ ಆಗಿದ್ದನ್ನ ನಾನೇ ಸರಿ ಮಾಡ್ಬೋದು ಅನ್ನೋ ಧೈರ್ಯದ ರೂಪದಲ್ಲಿ.

ಇನ್ನೊಂದು ನೀವು ಗಮನಿಸಿದ್ರೋ ಇಲ್ವೋ, ಪ್ರತಿ ಸಾಮಾನೂ ಒಂದೊಂದೇ ಇರತ್ತೆ. ಪಿಂಕ್ ಟವರ್, ಒಂದು ಸೆಂಟಿಮೀಟರಿಂದ ಹತ್ತು ಸೆಂಟಿಮೀಟರ್ ತನಕದ ಹತ್ತು ಮರದ ತುಂಡು, ಇಡೀ ರೂಮಿಗೆ ಒಂದೇ ಸೆಟ್. ಬೇರೆ ಮಗು ತಗೊಂಡಿದ್ರೆ ಕಾಯ್ಬೇಕು. ಹಂಚ್ಕೊಳ್ಳಿ ಅಂತ ಭಾಷಣ ಮಾಡೋ ಅವಶ್ಯಕತೆನೇ ಬರಲ್ಲ. ಸ್ವಾತಂತ್ರ್ಯ ಇದೆ, ಆದ್ರೆ ಏನು ಬೇಕಾದ್ರೂ ಮಾಡೋ ಸ್ವಾತಂತ್ರ್ಯ ಅಲ್ಲ: ಆಂಟಿ ತೋರಿಸಿಕೊಟ್ಟಿರೋ ಕೆಲಸ ಮಾತ್ರ ತಗೋಬೋದು, ಇನ್ನೊಬ್ಬರ ಚಾಪೆ ತುಳಿಯಂಗಿಲ್ಲ, ಮುಗಿದ್ಮೇಲೆ ಮುಂದಿನವರಿಗೆ ಸಿಗೋ ಹಾಗೆ ಅದೇ ಜಾಗದಲ್ಲಿ ಇಡ್ಬೇಕು.

ಇದೆಲ್ಲ ಶ್ರೀಮಂತರ ಮಕ್ಕಳಿಗೆ ಅಂತ ಶುರುವಾಗಿದ್ದಲ್ಲ, ಅದನ್ನ ಮನೇಲಿ ಹೇಳಿ. 1907ರ ಜನವರಿಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೇಲಿ ಮೊದಲನೇ ಮಾಂಟೆಸ್ಸರಿ ಹೌಸ್ ತೆರೆದಿದ್ದು, ಅಪ್ಪ ಅಮ್ಮ ಕೂಲಿಗೆ ಹೋದ್ಮೇಲೆ ಮಕ್ಕಳು ಹೊಸದಾಗಿ ರಿಪೇರಿ ಮಾಡಿದ ಕಟ್ಟಡದ ಗೋಡೆ ಮೆಟ್ಟಿಲು ಹಾಳು ಮಾಡ್ತಾರೆ ಅಂತ, ಅವರನ್ನ ನೋಡ್ಕೊಳ್ಳೋಕೆ. ಇದನ್ನ ಶುರು ಮಾಡಿದ ಮರಿಯಾ ಮಾಂಟೆಸ್ಸರಿ ವೃತ್ತಿಲಿ ಡಾಕ್ಟರು. ಒಂದಿನ ಅಲ್ಲಿ ಟೀಚರ್ ಬರೋದು ತಡ ಆಯ್ತು, ಬೀರು ಬೀಗ ಹಾಕಿರ್ಲಿಲ್ಲ, ಬಂದು ನೋಡಿದ್ರೆ ಮಕ್ಕಳೇ ತಮಗೆ ಬೇಕಾದ ಸಾಮಾನು ತಗೊಂಡು ಕೆಲಸ ಮಾಡ್ತಾ ಕೂತಿದಾರೆ. ಟೀಚರ್‌ಗೆ ಅದು ಕಳ್ಳತನ ಅನ್ನಿಸ್ತು, ಮಾಂಟೆಸ್ಸರಿಯವರಿಗೆ ಮಕ್ಕಳಿಗೆ ಆರಿಸ್ಕೊಳ್ಳೋಕೆ ಬರತ್ತೆ ಅಂತ ಗೊತ್ತಾಯ್ತು, ಬೀಗದ ಬೀರು ಹೋಗಿ ಮಕ್ಕಳ ಎತ್ತರದ ಕಪಾಟು ಬಂತು. ಇನ್ನೊಂದಿನ ಸದ್ದಿಲ್ಲದೆ ಕರ್ಚೀಫಲ್ಲಿ ಮೂಗು ಒರೆಸ್ಕೊಳ್ಳೋದು ಹೇಗೆ ಅಂತ ನಿಧಾನಕ್ಕೆ ತೋರಿಸಿದ್ರೆ ಮಕ್ಕಳು ಚಪ್ಪಾಳೆ ಹೊಡೆದರಂತೆ. ಮೂಗು ಸುರೀತಿದೆ ಅಂತ ಬೈಸ್ಕೊಂಡಿದ್ರು, ಹೇಗೆ ಒರೆಸ್ಕೋಬೇಕು ಅಂತ ಅಲ್ಲಿ ತನಕ ಯಾರೂ ಮರ್ಯಾದೆ ಕೊಟ್ಟು ತೋರಿಸಿರ್ಲಿಲ್ಲ. ಟ್ರೈನಿಂಗಲ್ಲಿ ಇದನ್ನ ಓದಿದಾಗಿಂದ ಮಕ್ಕಳಿಗೆ ಏನಾದ್ರೂ ಹೇಳೋ ಮುಂಚೆ, ಇದನ್ನ ತೋರಿಸಿಕೊಟ್ಟಿದೀನಾ ಅಂತ ಯೋಚನೆ ಮಾಡ್ತೀನಿ.

ಈಗ ಮುಖ್ಯವಾದ ಮಾತು. ಹಾಕೋದಾದ್ರೆ ಮೂರು ವರ್ಷ ಪೂರ್ತಿ ಬಿಡಿ. ನಾಲ್ಕೂವರೆ ಆಗ್ತಿದ್ದಂಗೆ ದೊಡ್ಡ ಸ್ಕೂಲಲ್ಲಿ ಯುಕೆಜಿ ಸೀಟ್ ಸಿಕ್ತು ಅಂತ ಎಷ್ಟೋ ಜನ ಬಿಡಿಸ್ಕೊಂಡು ಹೋಗ್ತಾರೆ, ನನಗೆ ಹೊಟ್ಟೆ ಉರಿಯತ್ತೆ. ಮೊದಲೆರಡು ವರ್ಷ ಮಗು ದೊಡ್ಡವರನ್ನ ನೋಡ್ಕೊಂಡು ಕಲಿಯತ್ತೆ, ಮೂರನೇ ವರ್ಷ ತಾನೇ ಆ ರೂಮಿಗೆ ಅಕ್ಕನೋ ಅಣ್ಣನೋ ಆಗತ್ತೆ, ಚಿಕ್ಕವರ ಶೂ ಲೇಸ್ ಕಟ್ಟತ್ತೆ, ಹೊಸದಾಗಿ ಬಂದು ಅಳ್ತಿರೋ ಮಗುನ ಕೈ ಹಿಡಿದು ಗಿಡಕ್ಕೆ ನೀರು ಹಾಕೋಕೆ ಕರ್ಕೊಂಡ್ಹೋಗತ್ತೆ. ನೀವು ಕೇಳ್ತಿರೋ ಜವಾಬ್ದಾರಿ ಬಲಿಯೋದು ಆ ವರ್ಷ.

ಹುಬ್ಬಳ್ಳಿ_ಮಂದಿ:

ಆಂಟ್ಯಾರ ಹೇಳಿದ್ದು ಖರೆ, ಆದ್ರ ಅಕ್ಕಾರ ಒಂದು ಮಾತು ಲಕ್ಷ್ಯದಾಗ ಇಟ್ಕೊಳ್ರಿ. ಬೋರ್ಡ್ ಮ್ಯಾಲೆ ಮಾಂಟೆಸ್ಸರಿ ಅಂತ ಬರ್ಕೊಳ್ಳಾಕ ಯಾರ ಪರ್ಮಿಷನ್ನೂ ಬ್ಯಾಡ, ಆ ಹೆಸರು ಯಾರ ಸ್ವಂತದ್ದೂ ಅಲ್ಲ. ನಮ್ಮ ಕಡೆ ನಾ ನೋಡಿದ ಒಂದರಾಗ ಕಪಾಟಿನಾಗ ಎಲ್ಲಾ ಸಾಮಾನು ಚಂದಂಗ ಜೋಡಿಸಿಟ್ಟಿದ್ರು, ಯಾವ ಮಗೂನೂ ಮುಟ್ಟಿದ್ದು ಕಾಣಲಿಲ್ಲ, ಮೂರು ವರ್ಷದ ಹುಡುಗ್ರು ಸಾಲಾಗಿ ಕುಂತು ಒಂದರಿಂದ ನೂರು ಬರೀಲಿಕ್ಕೆ ಹತ್ತಿದ್ವು. ಹೆಸರು ನೋಡಿ ದುಡ್ಡು ಕಟ್ಟಬ್ಯಾಡ್ರಿ. ಅರ್ಧ ತಾಸು ಮೂಲ್ಯಾಗ ಸುಮ್ನ ಕುಂತು ನೋಡ್ತೀನಿ ಅಂತ ಕೇಳ್ರಿ. ಬಿಟ್ರ ಭರವಸೆ ಇಡ್ರಿ, ಆಗೂದಿಲ್ಲ ಅಂದ್ರ ಮನಿಗೆ ಬರ್ರಿ.

ಪ್ರೈಮರಿ_ಮೇಷ್ಟ್ರು:

ನಾನು ಸರ್ಕಾರಿ ಶಾಲೆ ಶಿಕ್ಷಕ, ಒಂದರಿಂದ ಮೂರನೇ ತರಗತಿ ನಲಿ ಕಲಿ ಮಾಡ್ತೀನಿ, ಅಲ್ಲೂ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ವೇಗದಲ್ಲಿ ಕಲೀತಾರೆ, ಹಾಗಾಗಿ ಈ ವಿಧಾನದ ಬಗ್ಗೆ ನನಗೆ ಗೌರವ ಇದೆ. ಆದ್ರೂ ಒಂದು ಪ್ರಶ್ನೆ ಎತ್ತಲೇಬೇಕು. ಮಾಂಟೆಸ್ಸರಿಗೆ ಕಳಿಸೋ ಅಪ್ಪ ಅಮ್ಮಂದಿರು ಮೊದಲೇ ಮಕ್ಕಳ ಬಗ್ಗೆ ಯೋಚನೆ ಮಾಡೋರು, ಮನೇಲಿ ಪುಸ್ತಕ ಇರತ್ತೆ, ಕೈಯಲ್ಲಿ ದುಡ್ಡಿರತ್ತೆ. ಆ ಮಕ್ಕಳು ಚೆನ್ನಾಗಿ ಬೆಳೆದ್ರೆ ಅದು ಸ್ಕೂಲಿಂದನಾ ಮನೆಯಿಂದನಾ?

ಇದನ್ನ ಸರಿಯಾಗಿ ನೋಡಿರೋ ಅಧ್ಯಯನ ಒಂದಿದೆ, ಅಮೆರಿಕದ ಮಿಲ್ವಾಕೀ ಊರಿಂದು, ಏಂಜಲಿನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ ಮಾಡಿದ್ದು, 2006ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ಅಲ್ಲಿ ಒಂದು ಸರ್ಕಾರಿ ಮಾಂಟೆಸ್ಸರಿಗೆ ಸೀಟು ಲಾಟರಿ ಎತ್ತಿ ಕೊಡ್ತಿದ್ರು. ಸೀಟು ಸಿಕ್ಕ ಮಕ್ಕಳನ್ನ, ಅರ್ಜಿ ಹಾಕಿಯೂ ಸಿಗದೆ ಬೇರೆ ಸ್ಕೂಲಿಗೆ ಹೋದ ಮಕ್ಕಳ ಜೊತೆ ಹೋಲಿಸಿದ್ರು, ಅಂದ್ರೆ ಎರಡೂ ಕಡೆ ಮಾಂಟೆಸ್ಸರಿ ಬೇಕು ಅಂದ ಅಪ್ಪ ಅಮ್ಮಂದಿರೇ. ಐದು ವರ್ಷದವರಲ್ಲಿ ಮಾಂಟೆಸ್ಸರಿ ಮಕ್ಕಳು ಅಕ್ಷರ ಗುರುತಿಸೋದು, ಲೆಕ್ಕ, ನಿಯಮ ಬದಲಾದಾಗ ಅದಕ್ಕೆ ತಕ್ಕಂಗೆ ಮನಸ್ಸು ಹಿಡಿತಕ್ಕೆ ತಗೊಳ್ಳೋದು ಇದರಲ್ಲಿ ಮುಂದಿದ್ರು, ಜಗಳ ಬಿಡಿಸೋವಾಗ ನ್ಯಾಯ ಅನ್ಯಾಯದ ಮಾತು ಜಾಸ್ತಿ ಆಡ್ತಿದ್ರು. ಹನ್ನೆರಡು ವರ್ಷದವರಲ್ಲಿ ಓದು ಲೆಕ್ಕದ ಪರೀಕ್ಷೇಲಿ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ, ಕಥೆ ಬರೆಯೋದ್ರಲ್ಲಿ, ಸ್ಕೂಲು ನಮ್ಮದು ಅನ್ನೋ ಭಾವನೇಲಿ ಇತ್ತು. ಗಮನಿಸಿ, ಮಾರ್ಕ್ಸಲ್ಲಿ ಅಂತರ ಮುಚ್ಚಿಹೋಯ್ತು, ಜನರ ಜೊತೆ ನಡ್ಕೊಳ್ಳೋ ರೀತೀಲಿ ಉಳೀತು. ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇದು ಅನ್ಸತ್ತೆ. ಆ ಹನ್ನೆರಡು ವರ್ಷದವರು ಆರಕ್ಕೇ ಬಿಟ್ಟು ಹೋದವರಲ್ಲ, ದೊಡ್ಡ ತರಗತಿಗಳಲ್ಲೂ ಅದೇ ಸ್ಕೂಲಲ್ಲಿದ್ದವರು, ಅದನ್ನೂ ನೆನಪಲ್ಲಿಡಿ. ಹುಬ್ಬಳ್ಳಿಯವರು ಹೇಳಿದ್ದಕ್ಕೂ ಆಧಾರ ಇದೆ, 2012ರಲ್ಲಿ ಲಿಲ್ಲಾರ್ಡ್ ಅವರೇ ಹೋಲಿಸಿ ನೋಡಿದಾಗ ಮಾಂಟೆಸ್ಸರಿ ಸಾಮಾನಿನ ಜೊತೆ ವರ್ಕ್‌ಶೀಟು ಆಟಿಕೆ ಎಲ್ಲ ಬೆರೆಸಿದ ಕಡೆಗಿಂತ ಶುದ್ಧವಾಗಿ ನಡೆಸೋ ಕಡೆ ಮಕ್ಕಳು ಜಾಸ್ತಿ ಮುಂದುವರಿದಿದ್ರು.

ಮಾಂಟೆಸ್ಸರಿಯಿಂದ ನಮ್ಮ ಶಾಲೆಗೆ ಬರೋ ಮಕ್ಕಳು ಶುರುವಲ್ಲಿ ಎದ್ದು ಓಡಾಡ್ತಾರೆ, ಸಾರ್ ನೀರು ಕುಡಿಯೋಕೆ ಯಾಕೆ ಕೇಳ್ಬೇಕು ಅಂತಾರೆ. ದಸರಾ ರಜೆ ಹೊತ್ತಿಗೆ ಹೊಂದ್ಕೊಂಡು ಹೋಗ್ತಾರೆ. ಕ್ಲಾಸಲ್ಲಿ ಕಸ ಬಿದ್ದಿದ್ರೆ ಹೇಳದೆ ಎತ್ತೋದು ಅವರೇ ಜಾಸ್ತಿ.

ಮೈಸೂರಪ್ಪ:

ನನ್ನ ಮಗ ಈಗ ಸೆಕೆಂಡ್ ಪಿಯುಸಿ, ಮೂರು ವರ್ಷ ಮಾಂಟೆಸ್ಸರಿ, ಆಮೇಲೆ ಮಾಮೂಲಿ ಸ್ಟೇಟ್ ಸಿಲಬಸ್ ಸ್ಕೂಲು. ಮೇಷ್ಟ್ರು ಹೇಳಿದಂಗೆ ಯಾವುದು ಸ್ಕೂಲಿಂದ ಯಾವುದು ಮನೆಯಿಂದ ಅಂತ ಬಿಡಿಸಿ ಹೇಳಕ್ಕಾಗಲ್ಲ, ನನಗೆ ಕಂಡಿದ್ದು ಹೇಳ್ತೀನಿ.

ಹೇಳಿದ ಮಾತು ಕೇಳೋ ಮಗು ಬೇಕು ಅಂತ ಮಾಂಟೆಸ್ಸರಿಗೆ ಹಾಕ್ಬೇಡಿ. ಇವನು ಯಾಕೆ ಅಂತ ಕೇಳ್ತಾನೆ. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಮನೇಲಿ ಎಲ್ಲರೂ ಸೈನ್ಸ್ ಅಂದ್ರು, ಇವನು ಕಾಮರ್ಸ್ ಅಂದ, ಅಂದು ಸುಮ್ನೆ ಕೂರ್ಲಿಲ್ಲ, ಕಾಲೇಜಿಗೆ ತಾನೇ ಹೋಗಿ ಲೆಕ್ಚರರ್ ಹತ್ರ ಮಾತಾಡಿ, ಸಿಎ ಮಾಡ್ತಿರೋ ಸೀನಿಯರ್‌ಗಳನ್ನ ಹುಡುಕಿ ಕೇಳಿ, ಫೀಸ್ ಎಷ್ಟು ಎಷ್ಟು ವರ್ಷ ಅಂತ ಒಂದು ಹಾಳೇಲಿ ಬರ್ಕೊಂಡು ಬಂದು ನಮ್ಮ ಮುಂದೆ ಇಟ್ಟ. ಒಪ್ಪಿದ್ವಿ. ಅಕೌಂಟೆನ್ಸಿ ಕಷ್ಟ ಆದಾಗ ಒಂದಿನಾನೂ ನಮ್ಮ ಮೇಲೆ ಹಾಕ್ಲಿಲ್ಲ, ತನ್ನ ಆಯ್ಕೆ ಅಂತ ಗೊತ್ತು. ನನ್ನ ಲೆಕ್ಕದಲ್ಲಿ ಜವಾಬ್ದಾರಿ ಅಂದ್ರೆ ಇದು. ರೂಮು ನೀಟಾಗಿಡ್ತಾನಾ ಅಂದ್ರೆ ಇಲ್ಲ, ಫೋನ್ ವಿಷಯಕ್ಕೆ ಎಲ್ಲರ ಮನೇಲಿ ಇರೋ ಜಗಳ ನಮ್ಮನೇಲೂ ಇದೆ.

ಮನೇಲಿ ನಾವು ಬಿಡದೆ ಮುಂದುವರಿಸಿದ್ದು ಏನಂದ್ರೆ ವಯಸ್ಸಿಗೆ ತಕ್ಕ ನಿಜವಾದ ಕೆಲಸ ಕೊಟ್ಟಿದ್ದು. ಚಿಕ್ಕವನಿದ್ದಾಗ ತಟ್ಟೆ ಲೋಟ ಅವನ ಕೈಗೆ ಸಿಗೋ ಕಡೆ ಇಟ್ವಿ, ಹೈಸ್ಕೂಲಿಗೆ ಬಂದ್ಮೇಲೆ ತಿಂಗಳ ಹಾಲಿನ ಲೆಕ್ಕ ಅವನದ್ದು, ಕೂಪನ್ ತರೋದು ದುಡ್ಡು ಕೊಡೋದು ಬರೆದಿಡೋದು ಎಲ್ಲ. ಮರಿಯಾ ಮಾಂಟೆಸ್ಸರಿಯವರೇ ಹನ್ನೆರಡರಿಂದ ಹದಿನೆಂಟರ ಮಕ್ಕಳಿಗೆ ಜಮೀನಲ್ಲಿ ದುಡಿಯೋದು, ಬೆಳೆದಿದ್ದು ಮಾರೋದು, ಲೆಕ್ಕ ಇಡೋದು ಕಲಿಸ್ಬೇಕು, ತಾನು ಸಂಪಾದಿಸಬಲ್ಲೆ ಅನ್ನೋದು ಆ ವಯಸ್ಸಿಗೆ ಗೊತ್ತಾಗ್ಬೇಕು ಅಂದಿದಾರೆ. ಸಿಟೀಲಿ ಜಮೀನು ಎಲ್ಲಿಂದ ತರೋದು, ಹಾಲಿನ ಲೆಕ್ಕನಾದ್ರೂ ಕೊಡ್ಬೋದು. ಆರು ವರ್ಷಕ್ಕೆ ಮಾಂಟೆಸ್ಸರಿ ಮುಗೀತು ಅಂತ ಅಲ್ಲಿಂದ ಮುಂದೆ ಬ್ಯಾಗ್ ನಾವು ಹೊತ್ತು ಟಿಫನ್ ನಾವು ತಿನ್ನಿಸಿದ್ರೆ ಹದಿನಾರಕ್ಕೆ ಏನೂ ಉಳಿಯಲ್ಲ. ಈ ಮಾತು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ.

ತುಮಕೂರಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಮೂಗಿನ ಕಥೆ ಅತ್ತೆಗೆ ಓದಿ ಹೇಳ್ದೆ, ಅವರಿಗೆ ಇಷ್ಟ ಆಯ್ತು. ಆಂಟಿ, ಬರವಣಿಗೆ ಬಗ್ಗೆ ಸ್ವಲ್ಪ ಹೇಳಿ, ಅದರಲ್ಲೂ ಕನ್ನಡ. ನಮ್ಮನೆಯವರು ಅಲ್ಲೇ ನಿಂತಿದಾರೆ.

ಇಪಿಎಲ್_ಆಂಟಿ:

ಬರೆಯೋದು ಪೆನ್ಸಿಲ್‌ಗಿಂತ ತುಂಬಾ ಮುಂಚೆ ಶುರುವಾಗತ್ತೆ. ಸಿಲಿಂಡರ್ ಬ್ಲಾಕ್ ಅಂತ ಮರದ ತುಂಡುಗಳನ್ನ ಅದರದರ ತೂತಲ್ಲಿ ಕೂರಿಸೋ ಸಾಮಾನಿದೆ, ಅದರಲ್ಲಿ ತುಂಡಿನ ಮೇಲಿರೋ ಚಿಕ್ಕ ಗುಬುಟು ಮೂರು ಬೆರಳಲ್ಲಿ ಹಿಡೀತಾರಲ್ಲ, ಅದೇ ಪೆನ್ಸಿಲ್ ಹಿಡಿತ. ಆಮೇಲೆ ಸ್ಯಾಂಡ್‌ಪೇಪರ್ ಅಕ್ಷರ, ಬೆರಳಲ್ಲಿ ತಿದ್ದುತ್ತಾ ಬಾಯಲ್ಲಿ ಹೇಳೋದು. ಕನ್ನಡದಲ್ಲಿ ಒಂದು ಅನುಕೂಲ, ಕ ಅಂತ ಕಲಿತ್ರೆ ಓದೋವಾಗಲೂ ಕ ನೇ, ಇಂಗ್ಲಿಷಲ್ಲಿ ಅಕ್ಷರದ ಹೆಸರೇ ಬೇರೆ ಶಬ್ದಾನೇ ಬೇರೆ. ಕಷ್ಟ ಇರೋದು ಗುಣಿತ ಮತ್ತೆ ಒತ್ತಕ್ಷರದಲ್ಲಿ, ಅದು ಮೂರನೇ ವರ್ಷಕ್ಕೆ ಬೀಳತ್ತೆ, ಬಿಡಿಸ್ಬೇಡಿ ಅಂದಿದ್ದಕ್ಕೆ ಅದೂ ಒಂದು ಕಾರಣ. ಮೆಟಲ್ ಇನ್‌ಸೆಟ್ ಅಂತ ಲೋಹದ ಚೌಕಟ್ಟು ಇಟ್ಟು ಗೆರೆ ಎಳೆಯೋದು ಮಾಡಿಸ್ತೀವಿ, ಅದರಿಂದ ಕೈ ಹದಕ್ಕೆ ಬರತ್ತೆ.

ನೋಡೋಕೆ ಹೋದಾಗ ಮೂರು ವಿಷಯ ಕೇಳಿ: ಆಂಟಿಯರು ಎಲ್ಲಿ ಟ್ರೈನಿಂಗ್ ಮಾಡಿದಾರೆ, ಬೆಳಗ್ಗೆ ಎಷ್ಟು ಹೊತ್ತು ಮಧ್ಯೆ ನಿಲ್ಲಿಸದೆ ಕೆಲಸ ಮಾಡೋಕೆ ಬಿಡ್ತಾರೆ, ಕನ್ನಡ ಅಕ್ಷರದ ಸೆಟ್ ಇದೆಯಾ. ಕೆಲಸಕ್ಕೆ ಮೂರು ಗಂಟೆ ಇದ್ರೆ ಒಳ್ಳೇದು, ಅರ್ಧರ್ಧ ಗಂಟೆಗೆ ಬೆಲ್ ಹೊಡೀತಾರೆ ಅಂದ್ರೆ ಮಗುಗೆ ಒಂದರಲ್ಲಿ ಮುಳುಗೋಕೆ ಪುರುಸೊತ್ತೇ ಸಿಗಲ್ಲ.

ತುಮಕೂರಮ್ಮ:

ಸೋಮವಾರ ಬೆಳಗ್ಗೆ ಅರ್ಧ ಗಂಟೆ ಕೂತು ನೋಡೋಕೆ ಒಪ್ಪಿದಾರೆ, ಫೋನ್ ಮಾಡಿ ಕೇಳ್ದೆ. ಅತ್ತೆನೂ ಬರ್ತೀನಿ ಅಂದಿದಾರೆ. ಕನ್ನಡ ಸೆಟ್ ವಿಷಯ ಅವರೇ ಕೇಳ್ತಾರಂತೆ.