ಅತ್ತೆಯವರನ್ನು ಕರೆದುಕೊಂಡು ರೈಲಿನಲ್ಲಿ ಯುರೋಪ್: ಈ ಪ್ಲಾನ್ ಸರಿ ಇದೆಯಾ?

ವಿದ್ಯಾನಗರದವಳು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆ ರಜೆಗೆ ಯುರೋಪಿಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನಮ್ಮ ಮನೆಯವರು, ಎಂಟನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ಅತ್ತೆ ಅರವತ್ತು ದಾಟಿದವರು. ಚೆನ್ನಾಗೇ ನಡೆಯುತ್ತಾರೆ, ಆದರೆ ಮಂಡಿ ನೋವಿದೆ, ಮೆಟ್ಟಿಲು ಕಂಡರೆ ಆಗುವುದಿಲ್ಲ.

ಟೂರ್ ಕಂಪನಿಯವರ ಪಟ್ಟಿ ತರಿಸಿ ನೋಡಿದೆ. ಬೆಳಗಾಗುವ ಮುಂಚೆ ಬ್ಯಾಗ್ ಬಾಗಿಲಾಚೆ ಇಡಬೇಕು, ಬಸ್ ಹತ್ತಬೇಕು, ಎಲ್ಲೋ ಇಳಿದು ಫೋಟೋ ತೆಗೆಸಿಕೊಂಡು ಮತ್ತೆ ಬಸ್ ಹತ್ತಬೇಕು. ಅದು ನಮಗೆ ಬೇಡ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ನಿಧಾನಕ್ಕೆ ನೋಡಿಕೊಂಡು ಹೋಗಬೇಕು ಅನ್ನೋದು ನನ್ನ ಆಸೆ.

ಕೈಯಲ್ಲಿರುವುದು ಎರಡೂವರೆ ವಾರ. ನಾನು ಬರೆದುಕೊಂಡಿರುವುದು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಪ್ರಾಗ್, ವಿಯೆನ್ನಾ, ಇಂಟರ್‌ಲಾಕೆನ್, ವೆನಿಸ್, ರೋಮ್. ಇದು ಜಾಸ್ತಿ ಆಯ್ತಾ? ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ ಥರ ನಡೆಯುವ ಯೂರೇಲ್ ಪಾಸ್ ತಗೊಂಡರೆ ಲಾಭವಾ? ವೀಸಾ ಯಾವ ದೇಶದ್ದು ಹಾಕಬೇಕು? ಇನ್ನೊಂದು, ಅತ್ತೆ ಮೊಟ್ಟೆ ಬಿದ್ದ ಕೇಕ್ ಕೂಡ ಮುಟ್ಟುವುದಿಲ್ಲ. ಊಟದ್ದು ಹೇಗೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಚಿಕ್ಕಜಾಜೂರು ಜಂಕ್ಷನ್

ಅಕ್ಕ, ಜಾಸ್ತಿ ಆಯ್ತಾ ಅಂತ ಕೇಳಿದ್ದೀರಿ. ಆಯ್ತು. ಏಳು ಊರು ಅಂದರೆ ಆರು ಸಲ ಹೋಟೆಲ್ ಖಾಲಿ ಮಾಡಬೇಕು, ಆರು ಸಲ ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್ನಿಗೆ ಹೋಗಬೇಕು. ನಕ್ಷೆಯಲ್ಲಿ ರೈಲು ಮೂರು ನಾಲ್ಕು ಗಂಟೆ ಅಂತ ತೋರಿಸುತ್ತೆ. ಆದರೆ ರೂಮು ಬಿಡೋದು, ಹೊಸ ಊರಲ್ಲಿ ರೂಮು ಸಿಗೋದು ಮಧ್ಯಾಹ್ನ ಎರಡು ಮೂರಕ್ಕೆ, ಎಲ್ಲ ಸೇರಿದರೆ ಒಂದು ಹಗಲು ಹೋಯ್ತು ಅಂತಲೇ ಲೆಕ್ಕ. ಅತ್ತೆಯವರ ಮಂಡಿಗೂ ಅದೇ ದೊಡ್ಡ ಶತ್ರು.

ನನ್ನ ಸಲಹೆ ಇಷ್ಟೇ. ಮೂರು ಊರಲ್ಲಿ ಬಿಡಾರ ಹೂಡಿ, ಸುತ್ತಲಿನದನ್ನು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ ನೋಡಿ. ನೆಂಟರು ನಿಮ್ಮ ಮನೆಗೆ ಬಂದಾಗ ದಾವಣಗೆರೆಯಲ್ಲೇ ಉಳಿಸಿಕೊಂಡು ಒಂದು ದಿನ ದುರ್ಗದ ಕೋಟೆ, ಒಂದು ದಿನ ಸಂತೇಬೆನ್ನೂರು ಪುಷ್ಕರಣಿ, ಸೂಳೆಕೆರೆ ತೋರಿಸಿಕೊಂಡು ಬರುತ್ತೀರಲ್ಲ, ಹಾಗೆ.

ಉದಾಹರಣೆಗೆ ಆಸ್ಟ್ರಿಯಾದ ವಿಯೆನ್ನಾ, ಸ್ವಿಟ್ಜರ್‌ಲೆಂಡಿನ ಲೂಸರ್ನ್, ಇಟಲಿಯ ಫ್ಲಾರೆನ್ಸ್. ವಿಯೆನ್ನಾದಿಂದ ಬ್ರಾಟಿಸ್ಲಾವಾ ಒಂದೇ ಗಂಟೆ. ಅದು ಬೇರೆ ದೇಶದ ರಾಜಧಾನಿ, ಆದರೂ ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಡ್ಯಾನ್ಯೂಬ್ ದಂಡೆಯ ಮೆಲ್ಕ್ ಮಠಕ್ಕೆ ಒಂದು ಗಂಟೆಯ ಮೇಲೆ ಸ್ವಲ್ಪ. ಸಾಲ್ಜ್‌ಬರ್ಗ್ ಎರಡೂವರೆ ಗಂಟೆ, ಅದೂ ಒಂದೇ ದಿನದಲ್ಲಿ ಆಗುತ್ತೆ. ಫ್ಲಾರೆನ್ಸ್‌ನಿಂದ ಪೀಸಾ ಒಂದು ಗಂಟೆ. ಲುಕ್ಕಾ ಅಂತ ಕೋಟೆಗೋಡೆಯ ಊರಿದೆ, ಗೋಡೆಯ ಮೇಲೇ ಅಗಲವಾದ ದಾರಿ, ಮರದ ನೆರಳು, ಊರ ಸುತ್ತ ನಡೆಯಬಹುದು. ರೋಮ್ ಒಂದೂವರೆ ಗಂಟೆ, ವೆನಿಸ್ ಎರಡು ಗಂಟೆ ಸುಮಾರು.

ಪಾಸ್ ವಿಷಯ. ಯೂರೇಲ್ ಗ್ಲೋಬಲ್ ಪಾಸ್ 33 ದೇಶಕ್ಕೆ ನಡೆಯುತ್ತೆ, 60 ದಾಟಿದವರಿಗೆ ಹತ್ತು ಪರ್ಸೆಂಟ್ ಕಡಿಮೆ. ಎರಡು ದಿನಕ್ಕೊಂದು ಊರು ಬದಲಾಯಿಸುವವರಿಗೆ ಅದು ಸರಿ. ಮೂರೇ ಬಿಡಾರ ಅಂದಮೇಲೆ ದೂರದ ಪ್ರಯಾಣ ಕೆಲವೇ ಆಗುತ್ತೆ. ಬಿಡಿ ಟಿಕೆಟನ್ನು ಕೆಲವು ತಿಂಗಳು ಮುಂಚೆ ತೆಗೆದರೆ ಅದೇ ಅಗ್ಗ. ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್, ಇಟಲಿಯ ಫ್ರೆಚಾರೋಸ್ಸಾ ಈ ವೇಗದ ರೈಲುಗಳಿಗೆಲ್ಲ ಸೀಟಿಗೆ ಬೇರೆ ದುಡ್ಡು ಕೊಟ್ಟು ರಿಸರ್ವೇಷನ್ ಮಾಡಿಸಲೇಬೇಕು. ಇದನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಯಾರೂ ಬರೆಯುವುದಿಲ್ಲ. ಆಸ್ಟ್ರಿಯಾ, ಸ್ವಿಸ್ ರೈಲುಗಳಲ್ಲಿ ಹೆಚ್ಚಾಗಿ ಕಡ್ಡಾಯ ಇಲ್ಲ, ಆದರೂ ಅತ್ತೆಯವರಿಗೆ ಸೀಟು ಕಾದಿರಿಸಿಬಿಡಿ. ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ, ತಪ್ಪಿದರೆ ದುಡ್ಡು ವಾಪಸ್ ಇಲ್ಲ.

ದುರ್ಗದ ಏಳು ಸುತ್ತು

ಜಂಕ್ಷನ್ ಅಣ್ಣ ಹೇಳಿದ್ದು ಸರಿ. ಆದರೆ ಮೊದಲ ಸಲ ಯುರೋಪಿಗೆ ಹೋಗಿ ಪ್ಯಾರಿಸ್ ನೋಡದೆ ಬರೋದಾ? ಊರಿಗೆ ಬಂದಮೇಲೆ ಬೀದಿಯವರೆಲ್ಲ ಕೇಳುವ ಮೊದಲ ಪ್ರಶ್ನೆಯೇ ಐಫೆಲ್ ಟವರ್ ಅಲ್ವಾ. ಅಲ್ಲಿಯ ನೊಟ್ರೆ ಡಾಮ್ ಚರ್ಚ್ ಕೂಡ ಬೆಂಕಿ ಅನಾಹುತದ ನಂತರ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ.

ವಿಯೆನ್ನಾ ಬಿಟ್ಟು ಪ್ಯಾರಿಸ್ ಹಾಕಿಕೊಳ್ಳಿ. ಪ್ಯಾರಿಸ್‌ನ ಗಾರ್ ದ ಲಿಯೋನ್ ಸ್ಟೇಷನ್ನಿನಿಂದ ಸ್ವಿಸ್ ಊರು ಬಾಸೆಲ್‌ಗೆ ಟಿಜಿವಿ ಲೀರಿಯಾ ರೈಲು ಮೂರು ಗಂಟೆ ಚಿಲ್ಲರೆ, ಅಲ್ಲಿ ಇಳಿದು ಲೂಸರ್ನ್ ರೈಲು ಹತ್ತಿದರೆ ಇನ್ನೊಂದು ಗಂಟೆ. ಒಂದೇ ಬದಲಾವಣೆ. ಪ್ಯಾರಿಸ್‌ನಿಂದ ವರ್ಸೇಲ್ಸ್ ಅರಮನೆಗೆ ಲೋಕಲ್ ರೈಲಿದೆ. ಶಾರ್ಟ್ರ್ ಅಂತ ಒಂದು ಹಳೆಯ ಊರಿದೆ, ಅಲ್ಲಿಯ ಕೆಥೆಡ್ರಲ್‌ನ ಬಣ್ಣದ ಗಾಜು ನೋಡಲೇಬೇಕು. ಹೋಗೋದು ಒಂದೂಕಾಲು ಗಂಟೆ ಸುಮಾರು. ನೆನಪಿರಲಿ, ವರ್ಸೇಲ್ಸ್‌ಗೆ ಸೋಮವಾರ ರಜೆ, ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಫ್ಲಾರೆನ್ಸ್‌ನ ಉಫೀಝಿ ಮ್ಯೂಸಿಯಂಗೆ ಸೋಮವಾರ. ಈ ಮೂರೂ ಕಡೆ 18ರ ಒಳಗಿನವರಿಗೆ ಪ್ರವೇಶ ಉಚಿತ, ಮಗನ ಪಾಸ್‌ಪೋರ್ಟ್ ಕೈಯಲ್ಲಿರಲಿ.

ವೀಸಾ: ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಎಲ್ಲ ಕಡೆ ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಸುಮ್ನೆ ಗೊಂದಲ ಬೇಡ ಅಂದರೆ ಒಂದು ದೇಶಕ್ಕೆ ಒಂದು ರಾತ್ರಿ ಜಾಸ್ತಿ ಇಟ್ಟುಬಿಡಿ. ಯಾವುದೋ ದೇಶದ್ದು ಬೇಗ ಸಿಗುತ್ತೆ ಅಂತ ಏಜೆಂಟರು ಹೇಳುತ್ತಾರೆ. ಅಲ್ಲಿ ಉಳಿಯೋದೇ ಇಲ್ಲ ಅಂದರೆ ಅದಕ್ಕೆ ಹಾಕಲೇಬೇಡಿ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಒಂದೇ ವೀಸಾ ನಡೆಯುವ ಷೆಂಗೆನ್ ದೇಶಗಳ ಗುಂಪಿನಲ್ಲಿದೆ, ಹಾಗಾಗಿ ಒಂದೇ ವೀಸಾ ಸಾಕು. ಫೀಸು 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಮಕ್ಕಳ ಅರ್ಧ ಫೀಸು 6ರಿಂದ 11 ವರ್ಷದವರಿಗೆ ಮಾತ್ರ, ಎಂಟನೇ ಕ್ಲಾಸ್ ಹುಡುಗನಿಗೆ ಪೂರ್ತಿ ಬೀಳುತ್ತೆ. ವೀಸಾ ಕೇಂದ್ರದವರ ಸರ್ವೀಸ್ ಚಾರ್ಜ್ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರಬೇಕು. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಎಲ್ಲರಿಗೂ ಒಂದೇ ಸಲ ರಜೆ ನೋಡಿ. ಬೆರಳಚ್ಚಿಗೆ ನಾಲ್ಕೂ ಜನ ಹೋಗಬೇಕು, ಅವತ್ತೇ ಬೆಂಗಳೂರಿಗೆ ಹೋಗಿ ವಾಪಸ್ ಬರುವ ಹಾಗೆ ಹೊತ್ತು ನೋಡಿಕೊಳ್ಳಿ.

ಮಂಡಕ್ಕಿ ಮೆಣಸಿನಕಾಯಿ

ಊಟದ್ದು ನಾನು ಹೇಳ್ತೀನಿ ಅಕ್ಕ, ನಮ್ಮಮ್ಮನೂ ಇದೇ ಥರದವರು, ಪಕ್ಕದ ಟೇಬಲ್ಲಿನಲ್ಲಿ ಆಮ್ಲೆಟ್ ಬಂದರೆ ಎದ್ದು ಹೋಗುವವರು.

ಮೊದಲನೆಯದು, ಇಲ್ಲಿಂದ ತುಪ್ಪ, ಪೇಡಾ, ಖೋವಾ ಸ್ವೀಟು ಯಾವುದೂ ಒಯ್ಯಬೇಡಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಎತ್ತಿ ಹಾಕುತ್ತಾರೆ. ದಾವಣಗೆರೆ ಬೆಣ್ಣೆ ಅಂದರೂ ಬಿಡುವುದಿಲ್ಲ! ಕರಿಬೇವು, ಹಸಿ ಮೆಣಸಿನಕಾಯಿ, ಮಾವಿನಹಣ್ಣಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ತುಪ್ಪ ಹಾಕದ ಒಗ್ಗರಣೆ ಅವಲಕ್ಕಿ, ಇಷ್ಟು ಸಾಕು. ಮೊಸರು ಅಲ್ಲಿ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತೆ, ಗಟ್ಟಿಯಾಗಿ, ಚೆನ್ನಾಗಿರುತ್ತೆ. ಸಕ್ಕರೆ ಇಲ್ಲದ್ದು ನೋಡಿ ತಗೊಳ್ಳಿ. ರೊಟ್ಟಿ, ಚಟ್ನಿಪುಡಿ, ಮೊಸರು ಆದರೆ ಅತ್ತೆಯವರದ್ದು ಮುಗೀತು.

ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಒಂದೇ ಊರಲ್ಲಿ ಐದು ರಾತ್ರಿ ಉಳಿಯುವುದರ ದೊಡ್ಡ ಲಾಭ ಇದೇ, ಬೆಳಿಗ್ಗೆ ಅನ್ನ ಮಾಡಿ ಚಿತ್ರಾನ್ನ ಕಲಸಿಕೊಂಡು ಡಬ್ಬಿಗೆ ಹಾಕಿಕೊಂಡು ರೈಲು ಹತ್ತಬಹುದು. ರೈಲಲ್ಲಿ ತಿನ್ನೋದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಅವರೂ ಬ್ರೆಡ್ ತಿನ್ನುತ್ತಾ ಇರ್ತಾರೆ. ಲಿಫ್ಟ್ ಇದೆಯಾ ಅಂತ ಕೇಳಿಯೇ ಬುಕ್ ಮಾಡಿ. ಫ್ಲಾರೆನ್ಸ್, ಪ್ಯಾರಿಸ್‌ನ ಹಳೆ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ.

ಹೊರಗೆ ತಿಂದರೆ ಇಟಲಿ ಸುಲಭ, ಮಾರ್ಗರೀಟಾ ಪಿಜ್ಜಾ, ಟೊಮೆಟೊ ಪಾಸ್ತಾ. ಆದರೆ ಹಸಿ ಪಾಸ್ತಾದಲ್ಲಿ ಮೊಟ್ಟೆ ಇರುತ್ತೆ, ಒಣ ಪಾಸ್ತಾ ಕೇಳಿ. ತರಕಾರಿ ಸೂಪಿಗೂ ಮಾಂಸದ ನೀರು ಹಾಕಿರಬಹುದು. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನ್ನೆಟ್‌ನಿಂದ ಹೆಪ್ಪು ಹಾಕುತ್ತಾರೆ. ಅದು ಬೇಡದವರಿಗೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ.

ವಿದ್ಯಾನಗರದವಳು (ದಾವಣಗೆರೆ)

ಅಯ್ಯೋ ತುಂಬಾ ಉಪಕಾರ ಆಯ್ತು. ಮನೆಯಲ್ಲಿ ಓದಿ ಹೇಳಿದೆ. ಮಗ ಐಫೆಲ್ ಟವರ್ ಬೇಕೇ ಬೇಕು ಅಂತಿದ್ದಾನೆ. ಅತ್ತೆಗೆ ಹಿಮ ನೋಡಬೇಕಂತೆ, ಬೇರೇನೂ ಬೇಡವಂತೆ. ಆದರೆ ಹಿಮ ಇರುವ ಕಡೆ ಹತ್ತುವುದು ಹೇಗೆ? ಲೂಸರ್ನ್ ಯಾಕೆ, ಎಲ್ಲರೂ ಇಂಟರ್‌ಲಾಕೆನ್ ಅಂತಾರಲ್ಲ? ಸೂಟ್‌ಕೇಸ್‌ಗೆ ನಮ್ಮ ಸ್ಟೇಷನ್ನಿನ ಥರ ಪೋರ್ಟರ್ ಸಿಗ್ತಾರಾ?

ಚಿಕ್ಕಜಾಜೂರು ಜಂಕ್ಷನ್

ಪೋರ್ಟರ್ ಮಾತೇ ಇಲ್ಲ. ನಿಮ್ಮ ಸಾಮಾನು ನೀವೇ ಎತ್ತಬೇಕು, ರೈಲಿನ ಬಾಗಿಲಲ್ಲಿ ಎರಡು ಮೂರು ಮೆಟ್ಟಿಲು ಇರುತ್ತವೆ, ನಿಲ್ಲೋದು ಕೆಲವೇ ನಿಮಿಷ. ತಲೆಗೊಂದು ಚಿಕ್ಕ ಸೂಟ್‌ಕೇಸ್, ಅಷ್ಟೇ. ಕಡಿಮೆ ಊರು ಇದ್ದರೆ ಕಡಿಮೆ ಬಟ್ಟೆ ಸಾಕು, ಅಪಾರ್ಟ್‌ಮೆಂಟಿನಲ್ಲಿ ವಾಷಿಂಗ್ ಮೆಷಿನ್ ಇರುತ್ತೆ. ದೊಡ್ಡ ಸ್ಟೇಷನ್‌ಗಳಲ್ಲಿ ಲಾಕರ್ ಇವೆ. ಪ್ಯಾರಿಸ್‌ನಿಂದ ಬರುವಾಗ ಬಾಸೆಲ್‌ನಲ್ಲಿ ಅರ್ಧ ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ, ಮುಂದಿನ ರೈಲು ಮತ್ತೆ ಬರುತ್ತೆ, ಓಡಬೇಡಿ.

ಈಗ ಹಿಮ. ಲೂಸರ್ನ್ ಸ್ಟೇಷನ್ನಿನಿಂದ ಹೊರಗೆ ಬಂದರೆ ರಸ್ತೆ ದಾಟಿದ ಕೂಡಲೇ ಸರೋವರದ ದೋಣಿ ನಿಲ್ದಾಣ. ಅಲ್ಲಿ ಹಡಗು ಹತ್ತಿ ಒಂದು ಗಂಟೆ ಹೋದರೆ ಫಿಟ್ಸ್‌ನೌ. ಅಲ್ಲಿಂದ ರಿಗಿ ಬೆಟ್ಟಕ್ಕೆ ಹಲ್ಲುಗಾಲಿ ರೈಲು. ಹಳಿಯ ನಡುವೆ ಹಲ್ಲಿನ ಪಟ್ಟಿ ಇರುತ್ತೆ, ಎಂಜಿನ್ನಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತೆ. 1871ರಲ್ಲಿ ಶುರುವಾದದ್ದು, ಯುರೋಪಿನ ಮೊದಲ ಬೆಟ್ಟದ ರೈಲು ಅದು. ಸುಮಾರು 1,800 ಮೀಟರ್ ಎತ್ತರ, ಅತ್ತೆಯವರು ಸೀಟಿನಲ್ಲಿ ಕೂತೇ ಹತ್ತಬಹುದು. ಎದುರಿಗೆ ಆಲ್ಪ್ಸ್ ಸಾಲು ಪೂರ್ತಿ ಬಿಳಿ. ಹತ್ತಿರದ ಪಿಲಾಟಸ್ ಬೆಟ್ಟದ ಹಲ್ಲುಗಾಲಿ ರೈಲು ಇನ್ನೂ ಕಡಿದು, ಜಗತ್ತಿನಲ್ಲೇ ಅತಿ ಕಡಿದಾದದ್ದು, ಆದರೆ ಚಳಿಗಾಲದಲ್ಲಿ ಮುಚ್ಚಿರುತ್ತೆ, ನೀವು ಹೋಗುವ ಹೊತ್ತಿಗೆ ಶುರುವಾಗಿರುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಆ ಬೆಟ್ಟಕ್ಕೆ ಕೇಬಲ್ ಕಾರ್ ಇದೆ.

ಹಿಮವನ್ನು ಕೈಯಲ್ಲಿ ಹಿಡಿಯಲೇಬೇಕು ಅಂದರೆ ಇಂಟರ್‌ಲಾಕೆನ್ ಕಡೆ ಬೆಟ್ಟದ ಮೇಲಿರುವ ಯುಂಗ್‌ಫ್ರಾವ್‌ಯೋಖ್ ಸ್ಟೇಷನ್. 3,454 ಮೀಟರ್, 1912ರಿಂದ ರೈಲು ಅಲ್ಲಿಯ ತನಕ ಹೋಗುತ್ತೆ. ಟಿಕೆಟ್ ದುಬಾರಿ. ಅಷ್ಟು ಎತ್ತರದಲ್ಲಿ ವಯಸ್ಸಾದವರಿಗೆ ಉಸಿರು ಕಟ್ಟಿದ ಹಾಗಾಗಬಹುದು, ಬಿಪಿ, ಹಾರ್ಟ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. ನಾನಂತೂ ರಿಗಿ ಸಾಕು ಅಂತೀನಿ. ಇಂಟರ್‌ಲಾಕೆನ್‌ಗೆ ಲೂಸರ್ನ್‌ನಿಂದ ಬ್ರೂನಿಗ್ ಕಣಿವೆ ಮೇಲೆ ಎರಡು ಗಂಟೆ, ಆ ದಾರಿಯೇ ಚಂದ. ಒಂದು ದಿನ ಹೋಗಿ ಬನ್ನಿ. ಲೂಸರ್ನ್ ಅಂದದ್ದು ಇದಕ್ಕೇ, ಮುಂದೆ ಇಟಲಿಯ ದಾರಿಯೂ ಅಲ್ಲಿಂದ ಹತ್ತಿರ. 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗ ದಾಟಿ ಮಿಲಾನ್, ಅಲ್ಲಿ ರೈಲು ಬದಲಿಸಿದರೆ ಎರಡು ಗಂಟೆಯಲ್ಲಿ ಫ್ಲಾರೆನ್ಸ್.

ಸ್ವಿಸ್ಸಿನಲ್ಲಿ ಹಾಫ್ ಫೇರ್ ಕಾರ್ಡ್ ತಗೊಳ್ಳಿ, ಒಂದು ತಿಂಗಳು ನಡೆಯುತ್ತೆ, ರೈಲು, ಹಡಗು, ರಿಗಿ, ಎಲ್ಲಕ್ಕೂ ಅರ್ಧ ದುಡ್ಡು. ಅದರ ಜೊತೆ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಅದು ಪುಕ್ಕಟೆ. 16ರ ಒಳಗಿನ ಮಗ ನಿಮ್ಮ ಜೊತೆ ಉಚಿತವಾಗಿ ಓಡಾಡಬಹುದು.

ದುರ್ಗದ ಏಳು ಸುತ್ತು

ಎರಡು ಮಾತು ಸೇರಿಸ್ತೀನಿ. ಇಟಲಿಯಲ್ಲಿ ಏಪ್ರಿಲ್ 25, ಮೇ 1 ರಾಷ್ಟ್ರೀಯ ರಜೆ, ರೈಲು ತುಂಬಿರುತ್ತೆ. ಪೀಸಾ, ಲುಕ್ಕಾ ಥರದ ಲೋಕಲ್ ರೈಲಿಗೆ ಮುಂಗಡ ಬುಕಿಂಗ್ ಬೇಕಿಲ್ಲ, ಒಂದೇ ದರ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಟಿಕೆಟ್ ಮಷಿನ್ ಹತ್ತಿರ ಯಾರಾದರೂ ಸಹಾಯ ಮಾಡ್ತೀನಿ ಅಂತ ಬಂದರೆ ಬೇಡ ಅನ್ನಿ, ಪರ್ಸ್ ಮೇಲೆ ಕಣ್ಣಿರಲಿ.

ವಿಮಾನ ಟಿಕೆಟ್ ತೆಗೆಯುವಾಗ ಪ್ಯಾರಿಸ್‌ಗೆ ಇಳಿದು ರೋಮ್‌ನಿಂದ ಹತ್ತುವ ಹಾಗೆ ಒಂದೇ ಬುಕಿಂಗ್‌ನಲ್ಲಿ ನೋಡಿ, ಹಿಂದಕ್ಕೆ ಬರುವ ಒಂದು ಹಗಲು ಉಳಿಯುತ್ತೆ. ಕೊನೆಯ ಎರಡು ರಾತ್ರಿ ರೋಮ್‌ನಲ್ಲಿ ಇಟ್ಟುಕೊಳ್ಳಿ.

ವಿದ್ಯಾನಗರದವಳು (ದಾವಣಗೆರೆ)

ಹಾಗಾದರೆ ಪ್ಯಾರಿಸ್ ಐದು ರಾತ್ರಿ, ಲೂಸರ್ನ್ ಐದು, ಫ್ಲಾರೆನ್ಸ್ ಐದು, ರೋಮ್ ಎರಡು. ಇಟಲಿ ಜಾಸ್ತಿ ಆಯ್ತು, ಅರ್ಜಿ ಇಟಲಿಗೆ. ವೆನಿಸ್ ಒಂದು ದಿನ ಹೋಗಿ ಬರ್ತೀವಿ, ಆಮ್‌ಸ್ಟರ್‌ಡ್ಯಾಮ್, ಪ್ರಾಗ್ ಕೈಬಿಟ್ಟೆ. ನಮ್ಮ ಮನೆಯವರು ವಿಯೆನ್ನಾ ಬಿಟ್ಟಿದ್ದಕ್ಕೆ ಮುಖ ಊದಿಸಿಕೊಂಡಿದ್ದಾರೆ, ಇರಲಿ.

ಮಂಡಕ್ಕಿ ಅವರೇ, ಉಪ್ಪಿನಕಾಯಿ ಒಯ್ಯಬಹುದಾ?

ಮಂಡಕ್ಕಿ ಮೆಣಸಿನಕಾಯಿ

ಒಯ್ಯಿರಿ. ಕೈಚೀಲದಲ್ಲಿ ಬೇಡ, ಎಣ್ಣೆ ಇರುತ್ತಲ್ಲ, ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ದೊಡ್ಡ ಸೂಟ್‌ಕೇಸಿಗೆ ಹಾಕಿ, ಎರಡು ಕವರ್ ಸುತ್ತಿ, ಅದೂ ನಿಮ್ಮ ಮನೆಯವರ ಸೂಟ್‌ಕೇಸಿಗೆ.